ಫಾಲೋ ಮಾಡಬಾರದ ಐದನೆಯ ಅಕೌಂಟ್

ಭಾದ್ರಪದದ ಪಂಚಮಿಯ ಸಂಜೆ ನನ್ನ ಇನ್‌ಸ್ಟಾಗ್ರಾಂ ಅಕೌಂಟಿನಲ್ಲಿ ಒಬ್ಬರು ಕಡಿಮೆಯಾದರು. ಬೆಳಿಗ್ಗೆ ಎಂಟುನೂರ ಹನ್ನೆರಡು ಫಾಲೋವರ್ಸ್ ಇದ್ದರು, ಸಂಜೆಗೆ ಎಂಟುನೂರ ಹನ್ನೊಂದು. ಹೋದರೆ ಹೋಗಲಿ ಎಂದು ಸುಮ್ಮನಿರುವಷ್ಟು ದೊಡ್ಡ ಮನಸ್ಸು ನನ್ನದಲ್ಲ. ಇಡೀ ಪಟ್ಟಿಯನ್ನು ಮೇಲಿಂದ ಕೆಳಗೆ ಎರಡು ಸಲ ಹುಡುಕಿದೆ. ಹೋದವಳು ರುಪಾಲಿ.

ನಾನು ರೀಲ್ ಮಾಡುತ್ತಿದ್ದದ್ದೇ ಅವಳಿಗಾಗಿ. ಉಳಿದ ಎಂಟುನೂರು ಮಂದಿ ಸುಮ್ಮನೆ ಜೊತೆಗಿದ್ದರು.

ನಾನು ಅರಿಹಂತ. ಊರು ಗಡಿಯಾಚೆಯ ಉದಗಾಂವ, ಕೆಲಸ ಗೋಕುಳ ಶಿರಗಾಂವದ ಒಂದು ಫೌಂಡ್ರಿಯಲ್ಲಿ. ಕರಗಿದ ಕಬ್ಬಿಣ ಅಚ್ಚಿನೊಳಗೆ ಇಳಿಯುವುದನ್ನು ಮೊಬೈಲಿನಲ್ಲಿ ಹಿಡಿದು, ಅದರ ಮೇಲೆ ಕನ್ನಡ ಮರಾಠಿ ಎರಡನ್ನೂ ಕಲಸಿ ಏನಾದರೂ ತಮಾಷೆ ಮಾತಾಡಿ ಹಾಕುವುದು ನನ್ನ ಚಟ. ರುಪಾಲಿ ಇಚಲಕರಂಜಿಯವಳು. ಅಲ್ಲಿನ ಮಗ್ಗದ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಸೀರೆಯ ಅಂಚಿಗೆ ಡಿಸೈನ್ ಬರೆಯುತ್ತಾಳೆ. ಮಳೆಗಾಲದ ಮೊದಲಿಗೆ ನಮ್ಮ ಮನೆಯವರು ಅವಳನ್ನು ನೋಡಲು ಹೋಗಿದ್ದರು. ಅವಲಕ್ಕಿಯ ತಟ್ಟೆ ನನ್ನ ಕೈಗಿಡುವಾಗ ಅವಳ ಕಣ್ಣು ನನ್ನ ಮಣಿಕಟ್ಟಿನ ಕಲೆಯ ಮೇಲೆ ನಿಂತಿತು.

"ಇದ ಏನ ಆಗೇತ್ರಿ?"

"ಕಿಡಿ ಸಿಡದೈತ್ರಿ. ಫೌಂಡ್ರಿಯೊಳಗ."

"ನೋವ ಆಗಂಗಿಲ್ಲ?"

"ಈಗ ಇಲ್ರಿ."

ಅವಳು ಕಲೆಯನ್ನು ನೋಡಿದಳು, ನನ್ನನ್ನು ನೋಡಿದಳು, ಮತ್ತೆ ಕಲೆಯನ್ನು ನೋಡಿದಳು. ನಗು ತಡೆಯಲು ತುಟಿಯ ಒಂದು ಕೊನೆಯನ್ನು ಕಚ್ಚಿ ಹಿಡಿದಿದ್ದಳು. "ಹಂಗಾರ ಆವಾಗ ಅತ್ತೀರಿ ಅನ್ನಂಗಾತು," ಎಂದು ಮೆಲ್ಲಗೆ ಅಂದು ಒಳಗೆ ಹೋದಳು. ನನ್ನ ಅವಲಕ್ಕಿ ತಣ್ಣಗಾಯಿತು.

ಎರಡೂ ಮನೆಯ ಹಿರಿಯರು ಒಪ್ಪಿದಂತೆಯೇ ಇದ್ದರು. ಆದರೆ ನಮ್ಮ ಜೈನರ ಚಾತುರ್ಮಾಸ ಹತ್ತಿರ ಬಂದಿತ್ತು. ಭಾದ್ರಪದದ ಹತ್ತು ದಿನದ ದಶಲಕ್ಷಣ ಪರ್ವ ಮುಗಿಯಲಿ, ಆಮೇಲೆ ಮಾತು ಮುಂದುವರಿಸೋಣ, ಅಲ್ಲಿಯ ತನಕ ಹುಡುಗ ಹುಡುಗಿ ಫೋನಿನಲ್ಲಿ ಮಾತಾಡುವುದು ಬೇಡ ಎಂದು ಅಪ್ಪಣೆಯಾಯಿತು. ಇನ್‌ಸ್ಟಾಗ್ರಾಂ ಎಂಬುದೊಂದು ಇದೆ ಎಂದು ಅವರಿಗೆ ನೆನಪಾಗಲಿಲ್ಲ. ಮೂರನೆಯ ದಿನ ರುಪಾಲಿ ನನ್ನನ್ನು ಫಾಲೋ ಮಾಡಿದಳು. ಅವಳು ಮೆಸೇಜ್ ಮಾಡುತ್ತಿರಲಿಲ್ಲ, ನಾನೂ ಮಾಡಲಿಲ್ಲ. ಪ್ರತಿ ರೀಲಿನ ಕೆಳಗೂ ಎರಡೇ ಮಾತು ಬರೆಯುತ್ತಿದ್ದಳು: "ಕೈ ಜ್ವಾಕಿ." ಕೈ ಜೋಪಾನ. ಆ ಎರಡು ಮಾತು ಬರುವ ತನಕ ನನಗೆ ಊಟ ಸೇರುತ್ತಿರಲಿಲ್ಲ.

ಅಂಥವಳು ಪರ್ವದ ಮೊದಲ ದಿನವೇ ಮಾಯವಾಗಿದ್ದಳು.

ಮರುದಿನ ಫೌಂಡ್ರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಗುಂಡು, ಊಟದ ಡಬ್ಬಿ ಬಿಚ್ಚುತ್ತ ಒಂದು ಸುದ್ದಿ ಹೇಳಿದ. "ಮೊನ್ನೆ ಗಡಹಿಂಗ್ಲಜದಿಂದ ಒಂದ ಗಾಡಿ ಬಂದಿತ್ತಂತ ರುಪಾಲಿ ಮನಿಗಿ. ಡಾಕ್ಟರ್ ವರ ಅಂತ."

ಅಷ್ಟೇ ಸಾಕಾಯಿತು. ಡಾಕ್ಟರ್ ಸಿಕ್ಕ, ಫೌಂಡ್ರಿಯವನನ್ನು ಒರೆಸಿ ಹಾಕಿದಳು ಎಂದು ನನ್ನ ತಲೆ ತಾನೇ ಲೆಕ್ಕ ಮುಗಿಸಿತು. ಒಂದು ಸಲ ಕೇಳಬಹುದಿತ್ತು. ಕೇಳಲಿಲ್ಲ. ಗುಂಡುವಿನ ಕೈಗೆ ಮೊಬೈಲ್ ಕೊಟ್ಟು, ಕುಲುಮೆಯ ಮುಂದೆ ನಿಂತು, ಫಾಲೋ ಮಾಡಬಾರದ ಐದು ಅಕೌಂಟ್ ಯಾವುವು ಎಂದು ಒಂದು ರೀಲ್ ಮಾಡಿದೆ.

ಮೊದಲನೆಯದು, ದಿನಾ ಜಿಮ್ಮಿನ ಕನ್ನಡಿ ತೋರಿಸುವವರು. ಎರಡನೆಯದು, ಮುಂಜಾನೆ ಎದ್ದು ಗುಲಾಬಿ ಹೂವಿನ ಚಿತ್ರ ಹಾಕುವವರು. ಮೂರನೆಯದು, ಪ್ಲಾಟ್ ಮಾರುವವರು. ನಾಲ್ಕನೆಯದು, ಚಹಾದ ಕಪ್ಪು ಹಿಡಿದು ಜೀವನದ ಪಾಠ ಹೇಳುವವರು. ಇಲ್ಲಿಯ ತನಕ ಯಾರಿಗೂ ನೋವಾಗುವಂಥದ್ದು ಇರಲಿಲ್ಲ. ಐದನೆಯದಕ್ಕೆ ಬಂದಾಗ ನಾನು ಕ್ಯಾಮೆರಾದ ಹತ್ತಿರ ಬಂದು ನಗುತ್ತ ಹೇಳಿದೆ: "ಇಚಲಕರಂಜಿಯೊಳಗ ಕಂಪ್ಯೂಟರ್ ಮ್ಯಾಲ ಸೀರಿ ಅಂಚ ಬರಿಯೋ ಹುಡುಗ್ಯಾರು. ಅವರಿಗೆ ದಿನಕ್ಕೊಂದ ಡಿಸೈನ್, ದಿನಕ್ಕೊಂದ ವರ."

ಗುಂಡು ಮೊಬೈಲ್ ಕೆಳಗಿಳಿಸಿದ. "ಲೇ, ಐದನೇದ ತಗೀ. ಯಾರಿಗಿ ಅಂದೀ ಅಂತ ಊರಿಗೆಲ್ಲಾ ತಿಳೀತೈತಿ."

"ತಿಳೀಲಿ ಅಂತನ ಮಾಡಾಕತ್ತೇನಿ," ಅಂದೆ.

ಎರಡು ದಿನದಲ್ಲಿ ತೊಂಬತ್ತು ಸಾವಿರ ಮಂದಿ ನೋಡಿದರು. ಜಯಸಿಂಗಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುತಿಲ್ಲದವರು ಬೆನ್ನು ತಟ್ಟಿದರು. ನಾನು ಮೂರು ದಿನ ಖುಷಿಯಾಗಿದ್ದೆ. ಇದನ್ನು ಹೇಳಲು ಈಗ ನಾಚಿಕೆಯಾಗುತ್ತದೆ, ಆದರೆ ಖುಷಿಯಾಗಿದ್ದದ್ದು ನಿಜ.

ಪರ್ವದ ಆರನೆಯ ದಿನ ನಮ್ಮ ಸೋದರತ್ತೆ ರತ್ನಮಾಲಾ ಇಚಲಕರಂಜಿಯಿಂದ ಬಂದಳು. ಅವಳ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು. ರೀಲು ಅವಳ ತನಕ ಮುಟ್ಟಿರಲಿಲ್ಲ. ಹೊತ್ತು ಮುಳುಗುವ ಮುಂಚೆ ಎಲ್ಲರೂ ಊಟಕ್ಕೆ ಕುಳಿತಿದ್ದೆವು. ಅತ್ತೆ ನನ್ನ ತಟ್ಟೆಗೆ ರೊಟ್ಟಿ ಹಾಕುತ್ತ ನಕ್ಕಳು.

"ನಿನ್ನ ಹುಡುಗಿ ಸುದ್ದಿ ಕೇಳಿದೇನೋ? ಪಂಚಮಿ ದಿನ ಬಸದಿಯೊಳಗ ಚಾತುರ್ಮಾಸಕ್ಕ ಬಂದ ಮಾತಾಜಿ ಎಲ್ಲಾರಿಗೂ ನಿಯಮ ಕೊಟ್ರು. ಯಾವುದರ ಮ್ಯಾಲ ನಿಮ್ಮ ಜೀವ ಭಾಳ ಐತಿ, ಹತ್ತ ದಿನ ಅದನ್ನ ಬಿಡ್ರಿ ಅಂದ್ರು. ನಾ ಚಹಾ ಬಿಟ್ನಿ. ಒಬ್ಬಾಕಿ ಸೀರಿಯಲ್ ಬಿಟ್ಳು. ರುಪಾಲಿ ಪಾಳಿ ಬಂತು. 'ಒಬ್ಬರ ರೀಲ್ ನೋಡೋದ ಬಿಡ್ತೇನ್ರಿ' ಅಂದ್ಳು. ಯಾರದವ್ವಾ ಅಂತ ಮಾತಾಜಿ ಕೇಳಿದ್ರು. ಮಾರಿ ಮ್ಯಾಲ ಎತ್ತಲಿಲ್ಲ ಅಕಿ. ಕಿವಿ ತನಕ ಕೆಂಪ ಆಗಿದ್ಳು. ಹೆಂಗಸರೆಲ್ಲಾ ನಗಾಕತ್ರು. ಯಾರದ ಅಂತ ನನಗ ತಿಳೀತು."

ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗೆ ಇಟ್ಟೆ.

"ಗಡಹಿಂಗ್ಲಜದವರು ಬಂದಿದ್ರಂತಲ್ಲ, ಅತ್ತಿ?" ಎಂದು ಹೇಗೋ ಕೇಳಿದೆ.

"ಅವರು ಅಕಿ ಕಾಕಾನ ಮಗಳನ್ನ ನೋಡಾಕ ಬಂದಿದ್ರು. ಯಾಕ?"

ನಾನು ಕೈ ತೊಳೆದು ಎದ್ದೆ. ಹಿತ್ತಲಿಗೆ ಹೋಗಿ ರೀಲನ್ನು ಅಳಿಸಿದೆ. ಅಳಿಸಿ ಏನು ಬಂತು? ಅಷ್ಟರಲ್ಲಿ ಅದು ನೂರಾರು ವಾಟ್ಸಾಪ್ ಗುಂಪಿಗೆ ಹೋಗಿತ್ತು. ನನ್ನನ್ನು ನೋಡುವುದೇ ಜೀವಕ್ಕೆ ಭಾಳ ಬೇಕಾದದ್ದು ಎಂದು ಅವಳು ಹತ್ತು ಜನರೆದುರು ಒಪ್ಪಿಕೊಂಡಿದ್ದಳು. ಅದೇ ಹುಡುಗಿಯನ್ನು ನಾನು ತೊಂಬತ್ತು ಸಾವಿರ ಜನರೆದುರು ಬೀದಿಗೆ ಎಳೆದಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮರುದಿನ ಅವಳ ತಂದೆ ಧನಪಾಲ ನಮ್ಮಪ್ಪನಿಗೆ ಫೋನ್ ಮಾಡಿ, ಇನ್ನು ಈ ಮಾತು ಮುಂದುವರಿಸುವುದು ಬೇಡ ಎಂದರು. ಅಪ್ಪ ನನಗೆ ಬೈಯಲಿಲ್ಲ. ಮಾತಾಡುವುದನ್ನೇ ಬಿಟ್ಟರು.

ರುಪಾಲಿಗೆ ಮೆಸೇಜ್ ಬರೆದೆ, ಅಳಿಸಿದೆ, ಮತ್ತೆ ಬರೆದೆ. ಕಳಿಸಲಿಲ್ಲ. ನನ್ನನ್ನು ನೋಡುವುದಿಲ್ಲ ಎಂದು ನಿಯಮ ಹಿಡಿದವಳ ಮೊಬೈಲಿಗೆ ನುಗ್ಗಿ, ಅದನ್ನೂ ಕೆಡಿಸುವುದು ಬೇಡ ಎನ್ನಿಸಿತು. ಉಳಿದ ದಿನಗಳನ್ನು ಕಳ್ಳನಂತೆ ಕಳೆದೆ. ಫೌಂಡ್ರಿಯ ಗೇಟಿನಲ್ಲಿ ಯಾರೋ "ಆರನೇದ ಯಾವಾಗೋ?" ಎಂದು ಕೂಗಿದರೆ ಹೆಲ್ಮೆಟ್ ತೆಗೆಯದೆ ಒಳಗೆ ಹೋಗುತ್ತಿದ್ದೆ.

ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂತು. ವರ್ಷದಲ್ಲಿ ಅದೊಂದು ದಿನ ನಮ್ಮವರೆಲ್ಲ ಒಬ್ಬರಿಗೊಬ್ಬರು ಕೈಮುಗಿದು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಕ್ಷಮೆ ಕೇಳುತ್ತಾರೆ. ನಾನು ಬೈಕ್ ಹತ್ತಿ ಇಚಲಕರಂಜಿಗೆ ಹೋದೆ. ಬಸದಿಯ ಅಂಗಳದಲ್ಲಿ ಜನ ಗುಂಪುಗುಂಪಾಗಿ ನಿಂತು ಕೈಮುಗಿಯುತ್ತಿದ್ದರು. ಕೆಲವರು ನನ್ನನ್ನು ಗುರುತಿಸಿ ಮಾತು ನಿಲ್ಲಿಸಿದರು. ರುಪಾಲಿ ಕಂಬದ ಹತ್ತಿರ ಒಬ್ಬಳೇ ಇದ್ದಳು. ನಾನು ಎದುರಿಗೆ ಹೋಗಿ ತಲೆ ತಗ್ಗಿಸಿದೆ. ಅವಳ ಕಾಲುಂಗುರವಿಲ್ಲದ ಬೆರಳು, ಸೀರೆಯ ಹಸಿರು ಅಂಚು, ನನಗೆ ಕಂಡದ್ದು ಅಷ್ಟೇ.

"ಕ್ಷಮಾ ಮಾಡ್ರಿ," ಅಂದೆ. "ತಿಳದೋ ತಿಳೀದನೋ ನನ್ನಿಂದ..."

"ಅದ ಫಾರ್ವರ್ಡ್ ಮಾತ. ಮುಂಜಾನಿಂದ ನನ್ನ ಮೊಬೈಲಿಗಿ ನಲವತ್ತ ಬಂದಾವ." ದನಿಯಲ್ಲಿ ಸಿಟ್ಟಿರಲಿಲ್ಲ. "ನೀವು ತಿಳೀದ ಮಾಡೀರೇನ್ರಿ?"

"ಇಲ್ರಿ. ತಿಳದ ಮಾಡೇನಿ."

"ಹಂಗಾರ ಏನ ಮಾಡೀರಿ ಹೇಳ್ರಿ. ನಾ ಇನ್ನೂ ನೋಡಿಲ್ಲ."

ನೋಡಿಲ್ಲವೇ?

"ಕಾರ್ಖಾನಿಯೊಳಗ ತೋರ್ಸಾಕ ಬಂದಿದ್ರು," ಅಂದಳು. "ನಿಯಮ ಇತ್ತಲ್ರಿ, ಕಣ್ಣ ಮುಚ್ಚಿಕೊಂಡ್ನಿ. ಕಿವಿ ಮುಚ್ಚಾಕ ತಡಾ ಆತು. ಮಗ್ಗದ ಸಪ್ಪಳದಾಗ ಮಾತ ತಿಳೀಲಿಲ್ಲ, ನಿಮ್ಮ ದನಿ ಅಷ್ಟ ಕೇಳಿತು. ನಾಕ ದಿನ ಆಗಿತ್ತು ಆ ದನಿ ಕೇಳಿ. ನನಗ ಖುಷಿ ಆತು. ಕಣ್ಣ ತಗದ ನೋಡ್ತೇನಿ, ಎಲ್ಲಾರೂ ನನ್ನ ನೋಡಿ ನಗಾಕತ್ತಿದ್ರು."

ನಾನು ತಲೆಯನ್ನು ಇನ್ನಷ್ಟು ತಗ್ಗಿಸಿದೆ.

"ಏನ ಅಂದಾರ ಅಂತ ಮಂದಿ ಹೇಳಾಕ ಬಂದ್ರು," ಎಂದು ಅವಳೇ ಮುಂದುವರಿಸಿದಳು. "ಬ್ಯಾಡ, ಅವರ ಬಾಯಿಂದನ ಕೇಳ್ತೇನಿ ಅಂದ್ನಿ. ಹೇಳ್ರಿ."

ಒಂದು ಸುಳ್ಳು ನಾಲಿಗೆಯ ತುದಿಗೆ ಬಂತು. ರೀಲು ನನ್ನ ಅಕೌಂಟಿನಲ್ಲಿ ಇರಲಿಲ್ಲ. ಐದನೆಯದನ್ನು ಸ್ವಲ್ಪ ಮೆತ್ತಗೆ ಮಾಡಿ ಹೇಳಬಹುದಿತ್ತು, ಅವಳು ನಂಬುತ್ತಿದ್ದಳು. ನಂಬುತ್ತಾಳೆ ಎಂದು ಗೊತ್ತಿದ್ದದ್ದಕ್ಕೇ ಹೇಳಲಾಗಲಿಲ್ಲ. ಜಿಮ್ಮಿನ ಕನ್ನಡಿಯಿಂದ ಶುರುಮಾಡಿ ಒಂದಕ್ಷರ ಬಿಡದೆ ಹೇಳಿದೆ. ಕುಲುಮೆಯ ಮುಂದೆ ನಗುತ್ತ ಆಡಿದ್ದ ಐದನೆಯ ಮಾತನ್ನು ಅವಳ ಮುಂದೆ ಹೇಳುವಾಗ ಎರಡು ಸಲ ಮೊದಲಿನಿಂದ ಶುರುಮಾಡಬೇಕಾಯಿತು.

ಹಸಿರು ಅಂಚು ಅಲುಗಲಿಲ್ಲ. ಅವಳು ಮೂಗು ಒರೆಸಿಕೊಂಡ ಸದ್ದು ಕೇಳಿತು.

"ಮನಿಗಿ ಬರ್ರಿ," ಅಂದಳು. "ಅಪ್ಪನ ಮುಂದ ಹೇಳ್ರಿ. ಹಿಂಗ, ಒಂದೂ ಬಿಡದ."

ಅವಳ ಹಿಂದೆ ನಡೆದೆ. ಮನೆಯಲ್ಲಿ ಧನಪಾಲ ಕಾಕಾ ಕುರ್ಚಿಯಲ್ಲಿ ಕುಳಿತಿದ್ದರು. ಪಕ್ಕದಲ್ಲಿ ಅವರ ತಾಯಿ ಮಾಣಿಕಬಾಯಿ ಚಾಪೆಯ ಮೇಲೆ ಜಪಮಣಿ ಹಿಡಿದಿದ್ದರು. ನಾನು ಬಾಗಿಲಲ್ಲೇ ನಿಂತು ಶುರುಮಾಡಿದೆ. ಐದನೆಯದನ್ನು ಹೇಗೋ ಮುಗಿಸಿದೆನೋ ಇಲ್ಲವೋ, ಅಜ್ಜಿ ಕಿವಿಗೆ ಕೈ ಹಚ್ಚಿದರು.

"ಏನಂದಾ? ಕೇಳ್ಸಲಿಲ್ಲ. ಜೋರ ಹೇಳಪಾ."

ಜೋರಾಗಿ ಹೇಳಿದೆ. ಓಣಿಯ ಆಚೆಯ ಮನೆಯ ಬಾಗಿಲು ತೆರೆದ ಸದ್ದಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಕಾಕಾ ಕುರ್ಚಿಯಿಂದ ಎದ್ದು ನಿಂತರು. "ಮಂದಿ ನನಗ ಇಷ್ಟೆಲ್ಲಾ ಹೇಳಿದ್ದಿಲ್ಲ," ಅಂದರು. "ಹಿಂಗ ಏನೋ ಚ್ಯಾಷ್ಟಿ ಮಾಡ್ಯಾನ ಅಂದಿದ್ರು. ಪೂರಾ ನಿನ್ನ ಬಾಯಿಂದನ ಕೇಳಿದಂಗಾತು."

"ಹೌದ್ರಿ."

"ಇಂದಿನ ದಿನ ಕ್ಷಮಾ ಕೇಳಿದವರಿಗೆ ಇಲ್ಲ ಅನ್ನಾಕ ಬರಂಗಿಲ್ಲ. ಕ್ಷಮಾ ಕೊಟ್ಟೇನಿ. ಮಗಳನ್ನ ಕೊಡೋದ ಬ್ಯಾರೆ. ಅದನ್ನ ಅಕಿನ ಹೇಳಬೇಕ." ತಾಯಿಯ ಕೈ ಹಿಡಿದು ಎಬ್ಬಿಸಿಕೊಂಡು ಒಳಗೆ ಹೋದರು.

ನಾನು ಮೆಟ್ಟಿಲಿಳಿದು ಬೈಕಿನ ಹತ್ತಿರ ಬಂದೆ. ರುಪಾಲಿ ಹಿಂದೆಯೇ ಬಂದಳು.

"ನಂದೂ ಒಂದ ಐತ್ರಿ," ಅಂದಳು. "ನಿಯಮ ತಗೊಂಡೇನಿ ಅಂತ ನಿಮಗ ಒಂದ ಮಾತ ಹೇಳಬೇಕಾಗಿತ್ತು. ಬರೀಬೇಕಂತ ಮೊಬೈಲ್ ತಗೊಂಡ್ನಿ. ಹೆಂಗ ಬರೀಲಿ? ಜೀವ ಭಾಳ ಇದ್ದದ್ದನ್ನ ಬಿಡ್ರಿ ಅಂದ್ರು, ಅದಕ್ಕ ನಿಮ್ಮನ್ನ ಬಿಟ್ಟೇನಿ ಅಂತ ಬರೀಲ್ಯಾ? ನಾಚಿಕಿ ಆತು. ಅದಕ್ಕ ಕ್ಷಮಾ ಮಾಡ್ರಿ."

"ನೀವು ಕೇಳಬ್ಯಾಡ್ರಿ," ಅಂದೆ. ಕಣ್ಣು ತುಂಬಿ ಬೈಕಿನ ಟ್ಯಾಂಕು ಮಂಜಾಗಿ ಕಾಣುತ್ತಿತ್ತು. "ನನ್ನಂಥಾಂವ ಬ್ಯಾಡ ಅಂದ್ರೂ ನಾ ಏನೂ ಅನ್ನಂಗಿಲ್ರಿ."

"ಹೌದಾ? ಅಷ್ಟ ಲಗೂನ ಬಿಟ್ಟ ಹೋಗ್ತೀರಿ?"

"ಇಲ್ರಿ."

"ದಸರಾ ಆದಮ್ಯಾಲ ಹಿರಿಯಾರು ಬರ್ಲಿ. ನಾ ಹೂಂ ಅಂತೇನಿ." ದನಿ ಈಗ ಹತ್ತಿರದಿಂದ ಬಂತು. "ಆದ್ರ ಮಂದಿ ಮುಂದ ನನ್ನ ಮ್ಯಾಲ ಇನ್ನೊಮ್ಮೆ ನಗಬ್ಯಾಡ್ರಿ. ನಗೋದಿದ್ರ ನನ್ನ ಮುಂದ ನಗ್ರಿ."

ತಗ್ಗಿಸಿದ್ದ ತಲೆಯನ್ನು ಹಾಗೆಯೇ ಆಡಿಸಿದೆ.

"ಹನ್ನೊಂದ ದಿನ ಆತ್ರಿ," ಅಂದಳು, "ನಿಮ್ಮ ಮಾರಿ ನೋಡಿ. ಇನ್ನರ ತಲಿ ಎತ್ರಿ."

ನಾನು ತಲೆ ಎತ್ತಿದೆ.