ಒಂದೇ ಪಾತ್ರೆಯ ಊಟ

ಪೀರ್ ಅಹಮದ್ ಹಜ್ ಯಾತ್ರೆಗೆ ಆಯ್ಕೆಯಾದ ದಿನವೇ ಶಂಕರನಿಗೆ ಭಯ ಹಿಡಿಯಿತು.

ಸುದ್ದಿ ತಂದವನು ಪೀರ್ ಅಹಮದ್ದೇ. ಮಿಠಾಯಿ ಡಬ್ಬ ಹಿಡಿದು ನಗುತ್ತಾ ಶಂಕರನ ಡ್ರೈವಿಂಗ್ ಸ್ಕೂಲಿನ ಒಳಗೆ ಬಂದ. ಇಬ್ಬರೂ ಶ್ರೀರಂಗಪಟ್ಟಣದವರು, ಒಂದೇ ಬೆಂಚಿನಲ್ಲಿ ಓದಿದವರು. ಶಂಕರ ಊರಿಗೆಲ್ಲ ಕಾರು ಕಲಿಸುತ್ತಿದ್ದ; ಕಲಿಯುವವರು ಗುದ್ದಿಸಿ ತಂದ ಕಾರುಗಳನ್ನು ಪೀರ್ ತನ್ನ ಟಿಂಕರಿಂಗ್ ಶೆಡ್ಡಿನಲ್ಲಿ ಬಡಿದು, ಬಣ್ಣ ಹೊಡೆದು ಕೊಡುತ್ತಿದ್ದ.

"ನಾನೂ ಅಕ್ಬರಿನೂ, ಗಂಡ ಹೆಂಡ್ತಿ ಇಬ್ರೂ ಹೊಂಟಿದೀವಿ ಕಣ್ಲಾ," ಎಂದ. ಫಾರಂ ತುಂಬುತ್ತಿದ್ದ ಹೆಂಗಸು ಎದ್ದು ಹೋಗುವವರೆಗೆ ಕಾದು ದನಿ ತಗ್ಗಿಸಿದ. "ಹೋಗೋಕ್ ಮುಂಚೆ ಬೆಳಗೊಳಕ್ಕೆ ಒಂದ್ಸಲ ಹೋಗ್ಬೇಕು."

ಬೆಳಗೊಳಕ್ಕೆ ಯಾಕೆ ಎಂದು ಶಂಕರ ಕೇಳಲಿಲ್ಲ.

"ದೇವ್ರಿಗೆ ಮಾಡಿದ್ ತಪ್ಪನ್ನ ಅಲ್ಲಾಹ್ ಮಾಫ್ ಮಾಡ್ತಾನೆ. ಮನುಷ್ಯರಿಗೆ ಮಾಡಿದ್ದನ್ನ ಆ ಮನುಷ್ಯರೇ ಮಾಫ್ ಮಾಡ್ಬೇಕು. ಅದನ್ನ ಹೊತ್ಕೊಂಡು ಅಲ್ಲಿಗೆ ಹೋಗಿ ಏನ್ ಮುಖ ತೋರಿಸ್ಲಿ?"

"ನಿನ್ ಮುಖ ಸರಿ. ನನ್ ಗತಿ?"

"ನಿಂಗೆ ಕೇಡಾಗದಂಗೆ ಹೇಳ್ತೀನಿ ಬುಡ್ಲಾ. ಹೊರಡೋ ವಾರ, ಶುಕ್ರವಾರ ನಮಾಜ್ ಮುಗಿಸ್ಕೊಂಡು ಹೋಗ್ತೀನಿ. ನೀನೂ ಬಂದ್ರೆ ಚೆಂದ."

ಮೂರು ವರ್ಷದ ಹಿಂದೆ ಒಂದು ಸಂಜೆ, ಬೆಳಗೊಳದ ತಿರುವಿನಲ್ಲಿ, ಶಂಕರ ಓಡಿಸುತ್ತಿದ್ದ ಕಾರು ದ್ಯಾವಯ್ಯ ಎಂಬ ರೈತನ ಸೈಕಲ್ಲಿಗೆ ಬಡಿದಿತ್ತು. ಶಂಕರ ನಿಲ್ಲಿಸಲಿಲ್ಲ. ದ್ಯಾವಯ್ಯ ರಸ್ತೆ ಬದಿಯಲ್ಲೇ ಸತ್ತ. ಕಾರಿನ ತಗ್ಗನ್ನು ಪೀರ್ ಬಾಗಿಲು ಹಾಕಿಕೊಂಡು ತಾನೇ ಬಡಿದು ಸರಿಮಾಡಿದ. ಗಾಡಿ ಯಾವುದೆಂದು ಪೊಲೀಸರಿಗೆ ಕೊನೆಗೂ ಸಿಗಲಿಲ್ಲ.

ಶಂಕರನಿಗೆ ಉರಿಯುತ್ತಿದ್ದುದು ಬೇರೆ ಸಂಗತಿ. ಆ ಸಂಜೆ ಕಾರು ಅಷ್ಟು ಜೋರಾಗಿ ಓಡಿದ್ದು ಪೀರ್‌ನನ್ನು ಉಳಿಸುವುದಕ್ಕೆ. ಅಣೆಕಟ್ಟೆಯ ಹತ್ತಿರದ ಮೀನಿನ ಹೋಟೆಲೊಂದರಲ್ಲಿ ಪೀರ್ ಜೀವನದಲ್ಲಿ ಮೊದಲ ಸಲ ಸಿಗಡಿ ತಿಂದಿದ್ದ. ತಟ್ಟೆ ಖಾಲಿಯಾಗುವ ಮೊದಲೇ ಅವನ ತುಟಿ ಊದಿತು, ಮೈ ಕೆಂಪಾಯಿತು, ಗಂಟಲು ಕಟ್ಟಿ ಉಸಿರು ಸೀಟಿ ಹೊಡೆಯತೊಡಗಿತು. ಮೈಸೂರಿನ ನರ್ಸಿಂಗ್ ಹೋಮಿನಲ್ಲಿ ಇಂಜೆಕ್ಷನ್ ಕೊಟ್ಟ ಡಾಕ್ಟರು, ಸ್ವಲ್ಪ ತಡವಾಗಿದ್ದರೂ ಕಷ್ಟವಿತ್ತು, ಇನ್ನೊಮ್ಮೆ ತಿಂದರೆ ಇಲ್ಲಿವರೆಗೆ ಬರುವುದೂ ಅನುಮಾನ ಎಂದಿದ್ದರು. ಇವನ ಉಸಿರಿಗಾಗಿ ಒಬ್ಬನ ಉಸಿರು ಹೋಯಿತು. ಈಗ ಇವನೇ ತನ್ನನ್ನು ಹಿಡಿದುಕೊಡಲು ಹೊರಟಿದ್ದಾನೆ, ಅದೂ ಪುಣ್ಯದ ಹೆಸರಿನಲ್ಲಿ.

ಪೊಲೀಸರು ಯಾಕೆ ಜೋರಾಗಿ ಹೋದೆ ಎಂದು ಕೇಳುವುದಿಲ್ಲ, ಯಾಕೆ ನಿಲ್ಲಿಸಲಿಲ್ಲ ಎಂದು ಕೇಳುತ್ತಾರೆ. ಪಾಂಡವಪುರದಲ್ಲಿ ಒಂದು, ಕೆ.ಆರ್. ಪೇಟೆಯಲ್ಲಿ ಒಂದು ಎಂದು ಶಾಖೆ ತೆರೆದವನು, ಬಸ್ ನಿಲ್ದಾಣದ ಗೋಡೆಯ ಮೇಲೆ 'ನಿಧಾನವೇ ಪ್ರಧಾನ' ಎಂದು ಬರೆಸಿದವನು, ಗುದ್ದಿ ಓಡಿಹೋದವನು ಎಂದಾದರೆ ಜೈಲು ಒಂದು ಕಡೆ. ಊರು ನಗುವ ನಗು ಇನ್ನೊಂದು ಕಡೆ. ರಾತ್ರಿ ಬೀದಿಯಲ್ಲಿ ಬೈಕ್ ನಿಂತರೆ ಅವನಿಗೆ ಎಚ್ಚರವಾಗುತ್ತಿತ್ತು. ಹೆಂಡತಿ ಸ್ನೇಹ, "ಏನ್ರೀ, ಮೈಯೆಲ್ಲ ತಣ್ಣಗೈತೆ?" ಎಂದು ಎರಡು ಸಲ ಕೇಳಿದ್ದಳು.

ದಾರಿ ಹೊಳೆದದ್ದು ಆ ಭಯದಲ್ಲಿಯೇ. ಹೊಳೆದ ಮೇಲೆ ಅದನ್ನು ಅವನು ತನ್ನ ಕಸುಬಿನ ಶಿಸ್ತಿನಿಂದ ಪರೀಕ್ಷಿಸಿದ.

ಪೀರ್‌ಗೆ ಸಿಗಡಿ ವಿಷವೆಂದು ಯಾರಿಗೆ ಗೊತ್ತು? ಪೀರ್‌ಗೆ ಮತ್ತು ತನಗೆ. ಅಕ್ಬರಿ ಬೇಗಂಗೆ ಗೊತ್ತಿಲ್ಲ. ಸಿಗಡಿ ತಿನ್ನುವುದು ಮಕ್ರೂಹ್, ಮುಸಲ್ಮಾನರು ದೂರವಿಡಬೇಕಾದದ್ದು ಎಂದು ನಂಬಿದ ಮನೆ ಅದು. ಹೆಂಡತಿಗೆ ಕದ್ದು ತಿಂದವನು ಹೆಂಡತಿಗೆ ಹೇಳುವ ಹಾಗಿರಲಿಲ್ಲ. ಅಪ್ಪ ಸಿಗಡಿ ಮುಟ್ಟದಿರುವುದು ಧರ್ಮಭಯದಿಂದ ಎಂದೇ ಮಗ ತೌಸಿಫ್ ತಿಳಿದಿದ್ದ. ನರ್ಸಿಂಗ್ ಹೋಮಿನಲ್ಲಿ ಸುಳ್ಳು ಹೆಸರು ಕೊಟ್ಟಿದ್ದರು. ಶಂಕರ ಮೈಸೂರಿಗೆ ಹೋಗಿ ನೋಡಿಬಂದ. ಆ ಕಟ್ಟಡದಲ್ಲಿ ಈಗ ಸೋಫಾ ಅಂಗಡಿಯಿತ್ತು.

ವಿಷ ಕೊಳ್ಳಬೇಕಾಗಿಲ್ಲ. ಕೈ ಎತ್ತಬೇಕಾಗಿಲ್ಲ. ಮಾಡುವ ಯಾವ ಕೆಲಸವೂ ತನ್ನಷ್ಟಕ್ಕೆ ಅಪರಾಧವಲ್ಲ. ಆಮೇಲೆ ಹೇಳಬೇಕಾದದ್ದು ಒಂದೇ ವಾಕ್ಯ: ನನಗೆ ಗೊತ್ತಿರಲಿಲ್ಲ.

ಪಾಂಡವಪುರ ರಸ್ತೆಯಲ್ಲಿ, ನಾಲೆ ಪಕ್ಕ, ಮೇಘನ ಎಂಬಾಕೆ ಹೊಸದಾಗಿ ಫಾಂಡ್ಯೂ ಹೋಟೆಲ್ ತೆರೆದಿದ್ದಳು. ಪ್ರತಿ ಮೇಜಿನ ನಡುವೆ ಚಿಕ್ಕ ಒಲೆ, ಅದರ ಮೇಲೆ ಪಾತ್ರೆ. ಕರಗಿದ ಚೀಸ್‌ಗೆ ಬ್ರೆಡ್ ಅದ್ದಿ ತಿನ್ನುವುದು ಒಂದು ಬಗೆ. ಮಾಂಸದ ತುಂಡನ್ನು ಉದ್ದನೆಯ ಫೋರ್ಕಿಗೆ ಚುಚ್ಚಿ, ಹಿಟ್ಟಿನಲ್ಲಿ ಅದ್ದಿ, ಕಾದ ಎಣ್ಣೆಯಲ್ಲಿ ತಾವೇ ಕರಿದು ತಿನ್ನುವುದು ಇನ್ನೊಂದು. ಕೊನೆಗೆ ಬಿಸಿ ಬೆಲ್ಲದ ಪಾಕದಲ್ಲಿ ಬಾಳೆಹಣ್ಣು. ಎಷ್ಟು ಜನ ಕೂತರೂ ಪಾತ್ರೆ ಒಂದೇ, ಹಿಟ್ಟಿನ ಬಟ್ಟಲು ಒಂದೇ.

ಹಜ್‌ಗೆ ಹೊರಟವರನ್ನು ಸ್ನೇಹಿತರು ಊಟಕ್ಕೆ ಕರೆಯುವುದು ವಾಡಿಕೆ. ಶಂಕರ ಕರೆದ. ಶುಕ್ರವಾರಕ್ಕೆ ಮುಂಚಿನ ಬುಧವಾರ. ಅಕ್ಬರಿ ಬೇಗಂ, ಮನೆಗೆ ನೆಂಟರು ಬಂದು ಹೋಗುತ್ತಿದ್ದಾರೆ, ನೀವು ಇಬ್ಬರೇ ಹೋಗಿ ಬನ್ನಿ ಎಂದಳು. ಅವಳು ಹಾಗೆನ್ನುವಳೆಂದೂ ಅವನು ಲೆಕ್ಕ ಹಾಕಿದ್ದ.

ಮೇಘನಳಿಗೆ ಫೋನ್ ಮಾಡಿ ಕೋಳಿ ಹಲಾಲ್ ಆಗಿರಬೇಕೆಂದು ಹೇಳಿದ. ಚೀಸ್ ಪಾತ್ರೆಗೆ ವೈನ್ ಹಾಕುತ್ತಾರೆಂದು ತಿಳಿದು, ಅದು ಬೇಡ, ಎಣ್ಣೆಯದೇ ಇರಲಿ ಎಂದ. "ನಿಮ್ಮಂಥ ಸ್ನೇಹಿತರು ಇರ್ಬೇಕು ಸಾರ್," ಎಂದಳು ಮೇಘನ. ಆ ಮಾತೂ ಮುಂದೆ ಉಪಯೋಗಕ್ಕೆ ಬರುತ್ತದೆ ಎಂದುಕೊಂಡ.

ಪೀರ್ ಸಂಜೆಯ ಮಗ್ರಿಬ್ ನಮಾಜ್ ಮುಗಿಸದೆ ಹೊರಡುವವನಲ್ಲ. ಅದು ಗೊತ್ತಿದ್ದೇ ಶಂಕರ ಬೆಳಕಿರುವಾಗಲೇ ಒಬ್ಬನೇ ಹೋಗಿ ಕೂತ. ಬಡಿಸುವ ಹುಡುಗಿ ಪ್ರಿಯಾಂಕ ಬಿಂಡಿಗನವಿಲೆಯವಳು.

"ಸಾರ್, ನಿಮಗಾಗ್ಲಿ ನಿಮ್ ಗೆಸ್ಟಿಗಾಗ್ಲಿ ಆಗದೇ ಇರೋದು ಏನಾದ್ರೂ ಐತಾ? ಕಡ್ಲೆಕಾಯಿ, ಮೊಟ್ಟೆ, ಸಿಗಡಿ, ಆ ಥರ?"

ಇದನ್ನು ಅವನು ನಿರೀಕ್ಷಿಸಿರಲಿಲ್ಲ. ಆದರೆ ನಗು ಬಂತು.

"ನಾವು ಪಟ್ಣದೋರು ಕಣಮ್ಮ. ಕಲ್ಲು ಕೊಟ್ರೂ ಕರಗುಸ್ತೀವಿ."

ಅವಳೂ ನಕ್ಕಳು. ಸಾಕ್ಷಿಯೊಂದು ತಾನಾಗಿ ಸಿಕ್ಕಿತು ಎಂದುಕೊಂಡ.

ಅವನು ಒಂದು ತಟ್ಟೆ ಸಿಗಡಿ ತರಿಸಿದ. ಒಂದೊಂದನ್ನೇ ಹಿಟ್ಟಿನಲ್ಲಿ ಹೊರಳಿಸಿ, ಕರಿದು, ತಿಂದ. ರುಚಿ ತಿಳಿಯಲಿಲ್ಲ. ಹಸಿ ಸಿಗಡಿಯ ನೀರು ಹಿಟ್ಟಿಗೆ ಇಳಿಯಿತು. ಉದುರಿದ ಚೂರುಗಳು ಎಣ್ಣೆಯಲ್ಲಿ ತೇಲಿದವು. ಪ್ರಿಯಾಂಕ ಬಾಲದ ಸಿಪ್ಪೆಗಳ ತಟ್ಟೆ ಎತ್ತಿಕೊಂಡು, "ಎಣ್ಣೆ, ಹಿಟ್ಟು ಬೇರೆ ತರ್ಲಾ ಸಾರ್?" ಎಂದಳು.

"ಯಾಕಮ್ಮ ದಂಡ? ಈಗ ತಾನೆ ಚೆನ್ನಾಗಿ ಕಾದೈತೆ. ಕೋಳಿ ತಂದ್ಬುಡು."

ವಾಸನೆಯ ಚಿಂತೆ ಅವನಿಗಿರಲಿಲ್ಲ. ಜೀವಮಾನವೆಲ್ಲ ಬಣ್ಣದ ಥಿನ್ನರ್ ಉಸಿರಾಡಿದ ಪೀರ್‌ನ ಮೂಗಿಗೆ ಮಲ್ಲಿಗೆಯೂ ಒಂದೇ, ಗ್ರೀಸೂ ಒಂದೇ.

ಪೀರ್ ಬಿಳಿ ಜುಬ್ಬಾ ತೊಟ್ಟು ಬಂದ. ಹಲವು ವರ್ಷಗಳಿಂದ ಕಾಣದ ಒಂದು ಹಗುರತನ ಅವನ ಮುಖದಲ್ಲಿತ್ತು. ಪಾತ್ರೆ, ಒಲೆ, ಫೋರ್ಕುಗಳನ್ನು ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತ.

"ಇದೇನ್ಲಾ ಇದು? ದಾವತ್ತಿಗೆ ಕರ್ದು ನನ್ ಕೈಲೇ ಅಡುಗೆ ಮಾಡಿಸ್ತೀಯಾ? ನಮ್ಮನೇಲಿ ಇಂಗೆ ಮಾಡಿದ್ರೆ ನೆಂಟ್ರು ಹೊಡೆದ್‌ಬುಡ್ತಾರೆ."

"ಕೂತ್ಕೊಳ್ಲಾ ಹಾಜಿ ಸಾಬ್."

"ಇನ್ನೂ ಆಗಿಲ್ಲ, ಆ ಮಾತನ್ಬೇಡ." ಹಸಿರು ತುದಿಯ ಫೋರ್ಕ್ ಎತ್ತಿಕೊಂಡ. "ಶಂಕ್ರಾ, ನಿಂಗೊಂದ್ ವಿಷ್ಯ ಹೇಳ್ಬೇಕು."

"ಮೊದ್ಲು ತಿನ್ನು."

"ಒಳ್ಳೆ ವಿಷ್ಯನೇ ಕಣ್ಲಾ. ಕೇಳುದ್ರೆ ನೀನು—"

"ಪೀರೂ, ಇವತ್ತೊಂದಿನ ಆ ಮಾತು ಬ್ಯಾಡ. ಕೈ ಮುಗೀತೀನಿ. ಉಂಡಾದ್ಮೇಲೆ ಯೋಳು."

"ಆಯ್ತು ಬುಡಪ್ಪ, ಉಂಡೇ ಹೇಳ್ತೀನಿ," ಎಂದು ಪೀರ್ ಕೋಳಿಯ ತುಂಡನ್ನು ಹಿಟ್ಟಿನಲ್ಲಿ ಅದ್ದಿದ.

ಎಣ್ಣೆ ಚುರುಗುಟ್ಟಿತು. ಶಂಕರ ಆ ತುಂಡು ಹೊಂಬಣ್ಣಕ್ಕೆ ತಿರುಗುವುದನ್ನು ನೋಡುತ್ತಾ ಕೂತ. ಬೇಡ ಎನ್ನಲು ಇನ್ನೂ ಹೊತ್ತಿತ್ತು. ಪೀರ್ ಬಿಸ್ಮಿಲ್ಲಾ ಎಂದು ಬಾಯಿಗಿಟ್ಟ. ಇನ್ನೊಂದು ಅದ್ದಿದ. ಮೂರನೆಯದನ್ನು ಊದಿ ಆರಿಸಿ ಶಂಕರನ ಬಾಯಿಗೇ ಇಟ್ಟ. ಶಂಕರ ಅಗಿದು ನುಂಗಿದ.

ಮೊದಲು ಪೀರ್ ಅಂಗೈ ಕೆರೆದುಕೊಂಡ. ಆಮೇಲೆ ಕತ್ತು. ಆಮೇಲೆ ಫೋರ್ಕ್ ಕೆಳಗಿಟ್ಟು, ತುಟಿ ಮುಟ್ಟಿ ನೋಡಿಕೊಂಡು, ಶಂಕರನ ಕಡೆ ತಿರುಗಿದ. ಅನುಮಾನದ ನೋಟವಾಗಿದ್ದರೆ ಶಂಕರ ಅದನ್ನು ತಾಳಿಕೊಳ್ಳುತ್ತಿದ್ದ. ಅದು ಅನುಮಾನವಲ್ಲ. ಮೂರು ವರ್ಷದ ಹಿಂದೆ ನೋಡಿದ್ದ ಹಾಗೇ ನೋಡಿದ: ನೀನಿದ್ದೀಯಲ್ಲ ಎಂಬ ಹಾಗೆ.

"ಗಾಡಿ ತೆಗಿ," ಎಂದ.

ಪ್ರಿಯಾಂಕ ಓಡಿ ಬಂದಳು. ಮೇಘನ ಆಂಬುಲೆನ್ಸ್‌ಗೆ ಫೋನ್ ಮಾಡುತ್ತೇನೆಂದಳು. "ಅದು ಬರೋವರ್ಗೂ ಕಾಯೋಕಾಗಲ್ಲ," ಎಂದು ಶಂಕರ ಕೂಗಿದ. ಕೂಗಿನಲ್ಲಿ ನಟನೆಯಿರಲಿಲ್ಲ, ನಡುಗುತ್ತಿದ್ದವನಿಗೆ ನಟಿಸುವ ಅಗತ್ಯವೇ ಬರಲಿಲ್ಲ. ಎಲ್ಲರೂ ಸೇರಿ ಪೀರ್‌ನನ್ನು ಮುಂದಿನ ಸೀಟಿನಲ್ಲಿ ಕೂರಿಸಿದರು.

ಆ ಸಂಜೆ ಶಂಕರ ತಾನು ಕಲಿಸುವ ಹಾಗೆಯೇ ಕಾರು ಓಡಿಸಿದ. ಉಬ್ಬುಗಳಲ್ಲಿ ಗೇರ್ ಇಳಿಸಿದ. ಕಬ್ಬಿನ ಟ್ರಾಕ್ಟರಿನ ಹಿಂದೆ ತಾಳ್ಮೆಯಿಂದ ಹೋದ. ತಿರುವಿನಲ್ಲಿ ಸಿಗ್ನಲ್ ಹಾಕಿದ. ಪೀರ್‌ನ ಉಸಿರು ಪಕ್ಕದಲ್ಲಿ ಸೀಟಿ ಹೊಡೆಯುತ್ತಿತ್ತು. ಶ್ರೀರಂಗಪಟ್ಟಣ ಬಂದಾಗ ಪೀರ್ ಕೈ ಎತ್ತಿ ಊರೊಳಗಿನ ಆಸ್ಪತ್ರೆಯ ಕಡೆ ತೋರಿಸಿದ.

"ಮೈಸೂರಿಗೇ ಹೋಗ್ಬುಡಣ. ಅವತ್ತು ಉಳುಸ್ಕೊಂಡಿಲ್ವಾ?" ಎಂದ ಶಂಕರ. ಕಷ್ಟದ ಕೇಸನ್ನು ಮೈಸೂರಿಗೆ ಒಯ್ಯುವುದು ಊರಿನವರೆಲ್ಲ ಮಾಡುವುದೇ. ಯಾರೂ ತಪ್ಪು ಹುಡುಕುವುದಿಲ್ಲ.

ಕಾವೇರಿ ಸೇತುವೆಯ ಮೇಲೆ ಪೀರ್ ಅವನ ತೋಳು ಹಿಡಿದುಕೊಂಡ. ಊದಿದ ಬಾಯಿಂದ "ಬೆಳಗೊಳ" ಎಂದ. ಆಮೇಲೆ "ಮಾಫ್" ಎಂದ. ಯಾರು ಯಾರನ್ನು ಎಂಬುದು ತಿಳಿಯಲಿಲ್ಲ. ಸಾಯುವಾಗಲೂ ಅದೇ ಹಟ ಎಂದುಕೊಂಡ ಶಂಕರ ಕಣ್ಣನ್ನು ರಸ್ತೆಯ ಮೇಲೆಯೇ ಇಟ್ಟ. ಸೀಟಿಯ ಸದ್ದು ನಿಂತದ್ದು ಎಲ್ಲಿ ಎಂದು ಅವನಿಗೆ ಗೊತ್ತಾಗಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಬ್ರೇಕ್ ಹಾಕಿದಾಗ ಪೀರ್‌ನ ತಲೆ ಮುಂದಕ್ಕೆ ವಾಲಿತು.

ಉಳಿದದ್ದು ಯೋಜನೆಯಂತೆ ನಡೆಯಿತು. ಡಾಕ್ಟರು ಯಾವುದೋ ಆಹಾರ ಮೈಗೆ ಒಗ್ಗದೆ ಆದದ್ದು ಎಂದರು. ತೌಸಿಫ್ ಹೋಟೆಲಿನ ಮೇಲೆ ದೂರು ಕೊಟ್ಟ. ಎಸ್‌ಐ ನರಸಯ್ಯ ಶಂಕರನನ್ನು ಕೂರಿಸಿ ಹೇಳಿಕೆ ಬರೆದುಕೊಂಡ. ಶಂಕರ ಏನನ್ನೂ ಮುಚ್ಚಿಡಲಿಲ್ಲ. ಹೌದು ಸಾರ್, ಅದೇ ಎಣ್ಣೆಯಲ್ಲಿ ಮುಂಚೆ ಸಿಗಡಿ ಕರಿದು ತಿಂದವನು ನಾನೇ. ಬೇರೆ ಎಣ್ಣೆ ಬೇಡ ಅಂದವನೂ ನಾನೇ. ಅವನಿಗೆ ಅದು ಆಗಲ್ಲ ಅಂತ ಈ ವಯಸ್ಸಿನ ತನಕ ಒಂದು ದಿನವೂ ನನಗೆ ಗೊತ್ತಿರಲಿಲ್ಲ, ಗೊತ್ತಿದ್ದರೆ ಆ ಹೋಟೆಲಿಗೆ ಯಾಕೆ ಕರೆಯುತ್ತಿದ್ದೆ? ಹೇಳುತ್ತಾ ಅವನು ಅತ್ತ. ನರಸಯ್ಯ ನೀರಿನ ಲೋಟ ಮುಂದಕ್ಕೆ ಸರಿಸಿದ. ಶಂಕರ ಕೆಳಗೆ ಸಹಿ ಹಾಕಿದ.

ಸಾವಿನ ಮೂರನೆಯ ದಿನದ ಜಿಯಾರತ್ ಕಾರ್ಯಕ್ಕೆ ಪೀರ್‌ನ ಮನೆಯಂಗಳ ತುಂಬಿತ್ತು. ಮೂಲೆಯಲ್ಲಿ ಹಜ್‌ಗೆಂದು ಕಟ್ಟಿಟ್ಟ ಎರಡು ಸೂಟ್‌ಕೇಸು ಹಾಗೇ ಇದ್ದವು. ಅಕ್ಬರಿ ಬೇಗಂಳ ಹೇಳಿಕೆ ಪಡೆಯಲು ಬಂದ ನರಸಯ್ಯ ಬಾಗಿಲ ಬಳಿ ನಿಂತಿದ್ದ. ಫಾತಿಹಾ ಪ್ರಾರ್ಥನೆ ಮುಗಿಯಿತು. ಶಂಕರ ಎದ್ದ, ಎಷ್ಟೋ ದಿನಗಳ ಮೇಲೆ ಉಸಿರು ಹೊಟ್ಟೆಯವರೆಗೆ ಇಳಿಯಿತು. ಆಗ ಹಳ್ಳಿಯ ಹೆಂಗಸೊಬ್ಬಳು ಜನರ ನಡುವೆ ದಾರಿ ಮಾಡಿಕೊಂಡು ಅವನ ಬಳಿ ಬಂದಳು.

"ಶಂಕ್ರಪ್ಪ ನೀನೇ ಅಲ್ವಾ? ನಾನು ಚಿಕ್ಕಬೋರಮ್ಮ ಕಣಪ್ಪ, ಬೆಳಗೊಳದ ದ್ಯಾವಯ್ಯನ ಹೆಂಡ್ರು," ಎಂದು ಅವಳು ಅವನ ಎರಡೂ ಕೈ ಹಿಡಿದುಕೊಂಡಳು. ಸುತ್ತಲಿದ್ದವರು ಇತ್ತ ತಿರುಗಿದರು. "ಎದರ್ಬ್ಯಾಡ. ಸಾಬ್ರು ಮಂಗಳವಾರವೇ ಬಂದಿದ್ರು, ಶುಕ್ರವಾರದ ಗಂಟ ತಡಿಯಕಾಗ್ನಿಲ್ಲ ಅಂತ. ಜಗಲಿ ಮ್ಯಾಲೆ ಕುಂತು ಅತ್ಕಂಡು ಎಲ್ಲನೂ ಯೋಳುದ್ರು. ತಪ್ಪು ನಂದು ಕಣವ್ವ, ಶಂಕ್ರನ್ನ ಬೈಬ್ಯಾಡಿ ಅಂದ್ರು. ನಾನೂ ಮಾಫಿ ಕೊಟ್ಬುಟ್ಟೆ. ಪೋಲೀಸು ಗೀಲೀಸು ಅಂತ ಓಗಲ್ಲ, ಅದನ್ನ ನಿಂಗೆ ಯೋಳಿ ನಿನ್ ಮನ್ಸು ಅಗುರ ಮಾಡ್ಮ ಅಂತ್ಲೇ ಬಸ್ ಅತ್ತಿ ಬಂದೆ." ಶಂಕರನ ಹಿಂದೆ, ಬಾಗಿಲ ಬಳಿಯಿಂದ, ನರಸಯ್ಯನ ಬೂಟಿನ ಸದ್ದು ಒಂದು ಹೆಜ್ಜೆ ಹತ್ತಿರ ಬಂತು. "ಅಮ್ಮಾ, ತಪ್ಪು ತನ್ನದು ಅಂತ ಯಾಕಂದ್ರು ಅವರು?" ಚಿಕ್ಕಬೋರಮ್ಮ ಶಂಕರನ ಕೈ ಬಿಡದೆಯೇ ನರಸಯ್ಯನತ್ತ ತಿರುಗಿ, ತಿಳಿಯದವರಿಗೆ ತಿಳಿಸಿ ಹೇಳುವ ಹಾಗೆ ಹೇಳಿದಳು: "ಅವತ್ತು ಸಾಬ್ರು ಸಿಗಡಿ ತಿಂದ್ಬುಟ್ಟಿದ್ರಂತೆ ಸಾಮಿ. ಗಂಟ್ಲು ಕಟ್ಕಂಡು ಸಾಯೋಂಗಾಗಿತ್ತಂತೆ. ಇವಪ್ಪನೇ ಆಸ್ಪತ್ರೆಗೆ ಒಯ್ದು ಜೀವ ಉಳ್ಸುದ್ನಂತೆ. ಸಿಗಡಿ ಇನ್ನೊಂದ್ ದಪ ಬಾಯಿಗೋದ್ರೆ ಉಳಿಯಲ್ಲ ಅಂತ ಡಾಕ್ಟ್ರು ಯೋಳಿದ್ದು ಇಬ್ರಿಗೂವೆ ಕಣ್ ಸಾಮಿ, ಬೇಕಾರೆ ಇವಪ್ಪನ್ನೇ ಕೇಳಿ."