ಬ್ಯಾಡಗಿ ಲೈನ್ ಕಡಿದ ದಿನ

"ಏ... ಏ... ಯಾರ್ರೀ ನೀವು? ಕೈ ತಗೀರಿ ಮೊದಲ!"

ಜಾಹೀದಾ ಕುರ್ಚಿಯಿಂದ ಎದ್ದೇಬಿಟ್ಟಳು. ಬೆಳಗಿನಿಂದ ಟೈಪ್ ಮಾಡಿದ್ದ ರೈತರ ಹೆಸರುಗಳೆಲ್ಲ ಇನ್ನೂ ಪರದೆಯ ಮೇಲಿದ್ದವು. ಯಾವನೋ ಒಬ್ಬ ಹೇಳದೆ ಕೇಳದೆ ಒಳಗೆ ಬಂದು, ಕಂಪ್ಯೂಟರಿನ ಹಿಂದೆ ಮಂಡಿಯೂರಿ, ವೈರ್‌ಗೆ ಕೈ ಹಾಕಿದ್ದ!

"ಸೇವ್ ಮಾಡೀರಿಲ್ಲೋ?" ಎಂದ ಅವನು, ತಲೆ ಎತ್ತದೆ.

"ಇಲ್ಲ!"

"ಮಾಡ್ರಿ ಹಂಗಾರ. ನಾ ಕಾಯ್ತೀನಿ."

ಎಂಥ ಸೊಕ್ಕು ಇವನಿಗೆ! ನಾಲ್ಕು ಮಾತು ಬಿಗಿಯಬೇಕು ಅಂದುಕೊಂಡಳು. ಆದರೆ ಅವನು ಎದ್ದು ನಿಂತಾಗ ನೋಡುತ್ತಾಳೆ... ಮೂಗು ಕೆಂಪಾಗಿದೆ, ಕಣ್ಣಲ್ಲಿ ನೀರು ಸುರಿಯುತ್ತಿದೆ, ಒಂದರ ಹಿಂದೊಂದು ಸೀನು! ಬ್ಯಾಡಗಿಯ ಮೆಣಸಿನಕಾಯಿ ಘಾಟು ಹೊಸಬರನ್ನು ಸುಮ್ಮನೆ ಬಿಡುತ್ತದೆಯೇ? ಬೈಯಲು ಬಾಯಿ ತೆರೆದವಳು ನಕ್ಕುಬಿಟ್ಟಳು.

ಅವನ ಹೆಸರು ಮೆಹಬೂಬ. ಗುತ್ತಲದವನು, ಹಾವೇರಿ ಆಫೀಸಿನ ಕಂಪ್ಯೂಟರ್ ಇಂಜಿನಿಯರ್.

ಅದು ತೊಂಬತ್ತೆಂಟನೆಯ ಇಸವಿ. ರೈತರ ಮೆಣಸಿನಕಾಯಿ ಚೀಲಗಳನ್ನು ತಂಪು ಕೋಣೆಗಳಲ್ಲಿ ಕಾಯ್ದಿಡುವ ಕಂಪನಿ ಅದು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು, ಮೂರೂ ಕಡೆ ಗೋದಾಮು. ಮೂರೂ ಕಡೆ ಒಂದೊಂದು ಯೂನಿಕ್ಸ್ ಸರ್ವರ್ ಇಟ್ಟು, ಟೆಲಿಫೋನ್ ಲೈನಿನ ಮೇಲೆ ಜೋಡಿಸುವುದು ಮೆಹಬೂಬನ ಕೆಲಸ.

"ನೀವು ಇಲ್ಲಿ ಒಂದು ಹೆಸರ ಬರದ್ರ ಅದು ಹಾವೇರ್ಯಾಗೂ ಇರತೈತಿ, ರಾಣೇಬೆನ್ನೂರಾಗೂ ಇರತೈತಿ," ಎಂದು ಅವನು ವಿವರಿಸಿದ. "ಒಂದು ಮಷಿನ್ ಸುಟ್ಟ ಹೋದ್ರೂ ರೈತನ ಚೀಲ ಎಲ್ಲಿ ಐತಿ ಅನ್ನೋದು ಕಳೆಯೂದಿಲ್ಲ."

"ಅಂದ್ರ ನಾ ತಪ್ಪ ಬರದ್ರ ಮೂರೂ ಊರಿಗೆ ಗೊತ್ತಾಗತೈತಿ ಅನ್ರಿ!"

"ಮೂರೂ ಊರಿಗಿ ಯಾಕ? ನನಗೊಬ್ಬಂವಗ ಗೊತ್ತಾದ್ರ ಸಾಕು," ಎಂದು ಅವನು ನಕ್ಕ.

ಆ ನಗು ಇದೆಯಲ್ಲ... ಅದು ಜಾಹೀದಾಳ ಜೊತೆ ಮನೆಯವರೆಗೂ ಬಂತು. ತಾಯಿ ಕುಲ್ಸುಮಬಿ "ಯಾಕವ್ವಾ, ರೊಟ್ಟಿ ಮುಂದಿಟಕೊಂಡ ಒಬ್ಬಾಕಿನ ನಗತಿ?" ಎಂದು ಕೇಳುವಷ್ಟು!

ದಿನಾ ಬೆಳಿಗ್ಗೆ ಹಾವೇರಿಯಿಂದ ಫೋನ್ ಬರತೊಡಗಿತು. "ಲೈನ್ ಸರಿ ಐತೇನ್ರಿ?" ಎಂದು ಅವನು ಕೇಳುತ್ತಿದ್ದ. ಲೈನ್ ಸರಿ ಇದೆಯೋ ಇಲ್ಲವೋ ಅವನ ಪರದೆಯ ಮೇಲೇ ಕಾಣುತ್ತಿತ್ತು. ಇದು ಅವಳಿಗೂ ಗೊತ್ತು. ಆದರೂ ಕೇಳುವವನು ಕೇಳುತ್ತಿದ್ದ, ಹೇಳುವವಳು ಹೇಳುತ್ತಿದ್ದಳು. ನಡುವೆ ನಾವ್ಯಾಕೆ ಬಾಯಿ ಹಾಕೋಣ?

ಹೀಗಿರುವಾಗ ಒಂದು ದಿನ ಜಾಹೀದಾ ಕರ್ಜಗಿಯ ರೈತನೊಬ್ಬನ ಹೆಸರನ್ನು ತಪ್ಪು ಬರೆದಳು. ಮಧ್ಯಾಹ್ನ ನೋಡಿದರೆ ಅದು ತಾನಾಗಿಯೇ ಸರಿಯಾಗಿತ್ತು. ಹಾವೇರಿಯಲ್ಲಿ ಕೂತು ಅವನೇ ತಿದ್ದಿದ್ದ. ಒಂದು ಮಾತೂ ಹೇಳಿರಲಿಲ್ಲ.

'ಹೇಳಿದ್ರ ನಾನ ತಿದ್ದತಿದ್ದಿಲ್ಲೇನು? ನನ್ನ ಮ್ಯಾಲೆ ಅಷ್ಟೂ ನಂಬಿಕಿ ಇಲ್ಲ?'

ಅವಳಿಗೆ ಚುರುಕ್ ಎಂದಿತು. ಅಯ್ಯೋ, ಬಾಯಿಬಿಟ್ಟು ಕೇಳಬಾರದಿತ್ತೇ ಹುಡುಗಿ? ಕೇಳಲಿಲ್ಲ.

ಮರುದಿನವೇ ಮೋಟೆಬೆನ್ನೂರಿನ ಹತ್ತಿರ ರಸ್ತೆ ಅಗೆಯುವವರು ಟೆಲಿಫೋನ್ ಕೇಬಲ್ ಕಡಿದುಬಿಟ್ಟರು. ಹಾವೇರಿ, ರಾಣೇಬೆನ್ನೂರಿನ ಸರ್ವರ್‌ಗಳು ಬೇರೆ ದಾರಿಯಿಂದ ಒಂದಕ್ಕೊಂದು ಸಿಗುತ್ತಿದ್ದವು. ಬ್ಯಾಡಗಿಯದು ಮಾತ್ರ ಒಂಟಿ ಬಿತ್ತು. ಜಾಹೀದಾ ಹೆಸರು ಒತ್ತಿದರೆ ಪರದೆಯ ಮೇಲೆ ಒಂದೇ ಉತ್ತರ: ಬರೆಯಲು ಅನುಮತಿ ಇಲ್ಲ.

ಫೋನ್ ಎತ್ತಿದಳು. ಅದೂ ಸತ್ತಿತ್ತು.

ಹೊರಗೆ ಟ್ರ್ಯಾಕ್ಟರುಗಳ ಸಾಲು. "ಲಗೂ ಮಾಡವ್ವಾ, ಬಿಸಲಾಗ ಮಾಲಿನ ಬಣ್ಣ ಹೋಗಾಕತ್ತೈತಿ!" ಎಂದು ರೈತರ ಕೂಗಾಟ.

'ನನಗ ಬರಿಯೂ ಹಕ್ಕ ಇಲ್ಲದಂಗ ಮಾಡ್ಯಾನ! ಒಂದು ಹೆಸರ ತಪ್ಪಿದ್ದಕ್ಕ!'

ಮೂರೂ ಕಡೆ ಕರೆಂಟ್ ಹೋಗಿ ಬಂದರೆ ಮಾತ್ರ ಒತ್ತಬೇಕು ಅಂತ ಅವನು ಮಷಿನ್ನಿನ ತಡೆ ತೆಗೆಯುವ ಒಂದು ಕಮ್ಯಾಂಡ್ ಕಲಿಸಿದ್ದ. "ನನ್ನ ಕೇಳದ ಒತ್ತಬ್ಯಾಡ್ರಿ" ಎಂದೂ ಹೇಳಿದ್ದ. ಅವಳು ಸಿಟ್ಟಿನಲ್ಲಿ ಅದನ್ನೇ ಒತ್ತಿದಳು. ಮಷಿನ್ ಬಾಯಿ ತೆರೆಯಿತು. ಸಂಜೆಯವರೆಗೆ ರೈತರಿಗೆ ಅವರವರ ಚೀಲಗಳ ಲಾಟ್ ನಂಬರ್ ಕೊಟ್ಟು ಕಳಿಸಿದಳು.

ಅತ್ತ ಹಾವೇರಿಯಲ್ಲೂ ಅವೇ ನಂಬರ್‌ಗಳನ್ನು ಬೇರೆ ರೈತರಿಗೆ ಕೊಡುತ್ತಿದ್ದರು!

ಲೈನ್ ಕೂಡಿದ ಕೂಡಲೇ ಎರಡೂ ಕಡೆಯ ಬರಹ ಒಂದರ ಮೇಲೊಂದು ಬಿತ್ತು. ಇಲ್ಲಿಯವರ ಹೆಸರು ಅಲ್ಲಿ, ಅಲ್ಲಿಯವರದು ಇಲ್ಲಿ, ಕೆಲವರದು ಎಲ್ಲಿಯೂ ಇಲ್ಲ. ತನ್ನ ಚೀಲ ಬೇರೆಯವನ ಹೆಸರಿನಲ್ಲಿದೆ ಎಂದು ರೈತನೊಬ್ಬ ಹಾವೇರಿ ಆಫೀಸಿನಲ್ಲಿ ಕೂಗಾಡಿದ.

ಶುಕ್ರವಾರ ಬ್ಯಾಡಗಿಗೆ ಫೋನ್ ಬಂತು. ಮ್ಯಾನೇಜರ್ ಶಂಕ್ರಪ್ಪನವರದು.

"ನೋಡವಾ, ಆ ಮೆಹಬೂಬನ್ನ ಕೆಲಸದಿಂದ ಬಿಡಸಾಕತ್ತೀವಿ. ನಾಳೆ ಅಂವಂದು ಕಡೀ ದಿನ. ಸೆಟ್ ಮಾಡೂದ್ರಾಗ ನಂದ ತಪ್ಪಾಗೈತಿ ಅಂತ ಅಂವನ ಒಪ್ಪ್ಯಾನ."

ಜಾಹೀದಾ ರಿಸೀವರ್ ಇಟ್ಟಳು.

ಅವನ ತಪ್ಪೇ? ಯಾರು ಏನು ಒತ್ತಿದರು ಎಂಬುದು ಮಷಿನ್ನಿನಲ್ಲೇ ಇರುತ್ತದಲ್ಲ. ಅವನು ನೋಡಿರುತ್ತಾನೆ. ನೋಡಿಯೂ...!

ಅವಳು ಅತ್ತಳು. ನಿಜ ಹೇಳಿದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ, ಮಗಳನ್ನು ಯಾಕೆ ಹೊರಗೆ ಕಳಿಸಿದಿ ಎನ್ನುವ ನೆಂಟರ ಬಾಯಿಗೆ ತಂದೆ ಸಿಗುತ್ತಾರೆ. ಹೇಳದಿದ್ದರೆ ಅವನು ಹೋಗುತ್ತಾನೆ. ನಾಳೆಯಿಂದ ಬೆಳಗಿನ ಫೋನ್ ಇರುವುದಿಲ್ಲ... ಆ ಯೋಚನೆಗೇ ಅವಳ ಎದೆ ಬಿರಿಯಿತು. ಅವನೆಂದರೆ ತನಗೆ ಇಷ್ಟೊಂದು ಪ್ರೀತಿ ಅಂತ ಅವಳಿಗೆ ತಿಳಿದದ್ದೇ ಆಗ!

ತಂದೆ ಫಕ್ಕೀರಸಾಬ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುವವರು. ಬೆಳಿಗ್ಗೆ ಅವರ ಮುಂದೆ ಎಲ್ಲ ಹೇಳಿದಳು.

ಅವರು ಚಹಾದ ಬಟ್ಟಲು ಕೆಳಗಿಟ್ಟರು. "ತೂಕದಾಗ ತಪ್ಪಾದ್ರ ನಾ ಏನ ಮಾಡತೇನಿ?"

"ಚೀಲಾ ಮತ್ತ ತಕ್ಕಡಿಗಿ ಏರಸತೀರಿ, ಅಬ್ಬಾ."

"ಮಂದಿ ಮುಂದನ ಏರಸತೇನಿ. ಹೋಗು ಮಗಳ. ಎಂಟರ ಬಸ್ ಐತಿ."

ಹಾವೇರಿ ಆಫೀಸಿನಲ್ಲಿ ಮೆಹಬೂಬ ತನ್ನ ಸಾಮಾನನ್ನು ಚೀಲಕ್ಕೆ ತುಂಬುತ್ತಿದ್ದ. ಜಾಹೀದಾ ಅವನತ್ತ ನೋಡದೆ ನೇರ ಶಂಕ್ರಪ್ಪನವರ ಮೇಜಿನ ಮುಂದೆ ನಿಂತಳು.

"ಸಾಹೇಬ್ರ, ಇವ್ರ ತಪ್ಪಲ್ರಿ. ಒತ್ತಬ್ಯಾಡ ಅಂದದ್ದನ್ನ ನಾನ ಒತ್ತೀನಿ. ಬಿಡಸೂದಾದ್ರ ನನ್ನ ಬಿಡಸ್ರಿ."

"ಜಾಹೀದಾ...!" ಮೆಹಬೂಬನ ಕೈಯಲ್ಲಿದ್ದ ವೈರಿನ ಸುರುಳಿ ಕೆಳಗೆ ಬಿತ್ತು.

ಶಂಕ್ರಪ್ಪನವರು ಕನ್ನಡಕ ತೆಗೆದು ಇಬ್ಬರನ್ನೂ ನೋಡಿದರು. "ನಿನ್ನಿ ಅಂವ ನಂದಂತಾನ, ಇವತ್ತ ನೀ ನಂದಂತಿ! ನನಗ ತಪ್ಪ ಬ್ಯಾಡ, ರೈತರ ಚೀಲ ಬೇಕು. ಸೋಮವಾರ ಪೇಟೆ ಐತಿ. ಇಬ್ಬರೂ ಕೂಡೇ ಬ್ಯಾಡಗಿಗಿ ಹೋಗ್ರಿ. ಒಂದೊಂದ ಚೀಲ ನೋಡಿ ಹೆಸರ ಸರಿ ಮಾಡ್ರಿ. ಒಬ್ಬ ರೈತ ಬರಿಗೈಲೆ ಹೋದ್ರೂ ಇಬ್ಬರನ್ನೂ ಬಿಡಸತೇನಿ!"

ಬ್ಯಾಡಗಿಯ ತಂಪು ಕೋಣೆ ಮೂಳೆ ಕೊರೆಯುವಂತಿತ್ತು. ಇಬ್ಬರೂ ಕಂಬಳಿ ಹೊದ್ದು ಒಳಗೆ ಹೋದರು. ಬಾಗಿಲಲ್ಲಿ ಹಮಾಲ ಹನುಮಪ್ಪ ಟಾರ್ಚ್ ಹಿಡಿದು ನಿಂತ. ಚೀಲದ ಮೇಲೆ ಬಣ್ಣದಲ್ಲಿ ಬರೆದ ಊರು, ಹೆಸರುಗಳನ್ನು ಅವಳು ಓದಿದಳು, ಅವನು ಬರೆದುಕೊಂಡ.

ಕೊನೆಗೆ ಅವಳೇ ಕೇಳಿದಳು. "ನನ್ನ ಮಷಿನ್ ಯಾಕ ಬಂದ್ ಮಾಡಿದ್ರಿ?"

"ನಿಮ್ಮದಂತಲ್ರಿ. ಮೂರರಾಗ ಯಾವುದ ಒಂಟಿ ಬಿದ್ರೂ ಅದು ಬರಿಯೂದ ನಿಂದರಬೇಕು. ಉಳದ ಎರಡು ಏನ ಬರಿಯಾಕತ್ತಾವ ಅದಕ್ಕ ಗೊತ್ತಿರೂದಿಲ್ಲಲ್ಲ. ನನ್ನ ಹಾವೇರಿ ಮಷಿನ್ನಿಗೂ ಅದ ಕಾನೂನು."

"ಇದನ್ನ ಮೊದಲ ಹೇಳಬೇಕಿತ್ತಿಲ್ಲೋ?"

"ಹೇಳಬೇಕಿತ್ತು. ಹೆಸರ ತಿದ್ದಿದಾಗೂ ಹೇಳಬೇಕಿತ್ತು. ನಿಮಗ ಬ್ಯಾಸರ ಆಗತೈತಿ ಅಂತ ಸುಮ್ಮನಾದ್ನಿ. ಅದ ನನ್ನ ತಪ್ಪು... ಖರೇನ ನನ್ನ ತಪ್ಪು."

"ನಾ ಒತ್ತೀನಂತ ಗೊತ್ತಿದ್ದೂ ಯಾಕ ಹೇಳಲಿಲ್ಲ?"

"ನಿಮ್ಮನ್ನ ಕೆಲಸದಿಂದ ತಗದ್ರ ನಾ ನೋಡಲಾರೆ. ನೀವು ಯಾಕ ಬಂದ ಹೇಳಿದ್ರಿ?"

"ನೀವು ಹೊಂಟ ನಿಂತ್ರಿ... ನೀವಿಲ್ಲದ ನನಗಿರಾಕ ಆಗೂದಿಲ್ಲ, ಅದಕ್ಕ," ಎಂದು ಅಂದೇಬಿಟ್ಟಳು. ಅಂದಮೇಲೆ ಮುಖ ಮುಚ್ಚಿಕೊಳ್ಳಲು ಕಂಬಳಿ ಇತ್ತು, ಪುಣ್ಯ!

ಸೋಮವಾರ ಸಂಜೆಯಾಗುವಷ್ಟರಲ್ಲಿ ಕೊನೆಯ ರೈತನೂ ತನ್ನ ಚೀಲಗಳನ್ನು ಎಣಿಸಿ, ಟ್ರ್ಯಾಕ್ಟರಿಗೆ ಹೇರಿಸಿಕೊಂಡು ಹೋದ. ಶಂಕ್ರಪ್ಪನವರು ಫೋನಿನಲ್ಲಿ "ಹ್ಞೂಂ, ಇಬ್ಬರೂ ನಾಳಿಂದ ಸರಿಯಾಗಿ ಕೆಲಸಕ್ಕ ಬರ್ರಿ" ಎಂದಷ್ಟೇ ಹೇಳಿ ಇಟ್ಟರು.

ಗೋದಾಮಿನ ಕಟ್ಟೆಯ ಮೇಲೆ ಇಬ್ಬರೂ ಚಹಾ ಹಿಡಿದು ಕೂತಿದ್ದರು.

"ಶುಕ್ರವಾರ, ಜುಮ್ಮಾ ದಿನ, ನಮ್ಮವ್ವನ್ನ ಕರಕೊಂಡ ನಿಮ್ಮ ಮನಿಗಿ ಬರ್ಲೇನ್ರಿ?" ಮೆಹಬೂಬ ಮೆಲ್ಲಗೆ ಕೇಳಿದ.

ಜಾಹೀದಾ ಬಟ್ಟಲನ್ನೇ ನೋಡುತ್ತ ಕೂತಳು. "ಅಬ್ಬಾ ಕೇಳ್ತಾರ, ಹುಡುಗ ಹೆಂಗದಾನ ಅಂತ."

"ಏನ ಹೇಳ್ತೀರಿ?"

"ಒಳ್ಳೇಂವ ಅದಾನ. ಆದ್ರ ಎಲ್ಲಾ ತನ್ನ ಮ್ಯಾಲೆ ಹಾಕ್ಕೊಂಡ ಬಾಯಿ ಮುಚ್ಚಕೊಂಡ ಕುಂದ್ರತಾನ. ಅದೊಂದ ಬಿಡಸಬೇಕು ಅಂತ ಹೇಳ್ತೇನಿ."

"ಬಿಡಸಾಕ ಭಾಳ ದಿನಾ ಹಿಡೀಬಹುದ್ರಿ..."

"ಹಿಡೀಲಿ ಬಿಡ್ರಿ," ಎಂದಳು ಜಾಹೀದಾ, ಈ ಸಲ ಅವನನ್ನೇ ನೋಡುತ್ತ. "ನಾ ಎಲ್ಲಿ ಹೊಂಟೀನಿ?"