ಎತ್ತಾದ ಗಂಡನೂ ಮೂರು ಅಚ್ಚುಯಂತ್ರಗಳೂ

ಬಹಳ ಬಹಳ ಹಿಂದೆ, ಮಾಯಮಂತ್ರಗಳನ್ನು ಜನ ಇನ್ನೂ ಮರೆಯದಿದ್ದ ಕಾಲದಲ್ಲಿ, ನೀಲಗಂಟೆ ಎಂಬ ರಾಜ್ಯವಿತ್ತು. ಆ ರಾಜ್ಯದಲ್ಲಿ ದೇವೀರಿ ಎಂಬ ಹೆಂಗಸು ಜನರ ನೆರಳು ಹಿಡಿದು ಬದುಕುತ್ತಿದ್ದಳು. ಅವಳ ಹತ್ತಿರ ಮರದ ಒಂದು ನೆರಳುಪೆಟ್ಟಿಗೆ ಇತ್ತು. ಅದರ ಮುಂದೆ ನಿಂತವರ ಮುಖ ಒಳಗಿನ ಗಾಜಿನ ಹಲಗೆಯ ಮೇಲೆ ಮೂಡುತ್ತಿತ್ತು. ಆದರೆ ಗಾಜಿನಲ್ಲಿ ಕಪ್ಪು ಬಿಳಿಯಾಗಿ, ಬಿಳಿ ಕಪ್ಪಾಗಿ ಕಾಣುತ್ತಿತ್ತು. ಅದನ್ನು ಕಾಗದದ ಮೇಲೆ ಒತ್ತಿ ಸರಿಯಾದ ಪಟ ಮಾಡಲು ಅಚ್ಚುಯಂತ್ರ ಬೇಕು. ಯಾವ ಯಂತ್ರ ಒಳ್ಳೆಯದು ಎಂದು ಯೋಚಿಸುತ್ತಲೇ ದೇವೀರಿ ಮೂರು ವರ್ಷ ಕಳೆದಿದ್ದಳು.

ಒಂದು ಬೆಳಿಗ್ಗೆ ಅವಳು ಕಂಬಳಿಯಷ್ಟು ಕರ್ರಗಿದ್ದ ಗಂಡ ಚೆಲುವಯ್ಯನನ್ನೇ ಅಂಗಳದಲ್ಲಿ ನಿಲ್ಲಿಸಿ, ಕರಿಬಟ್ಟೆಯೊಳಗೆ ತಲೆ ಹಾಕಿ ನೆರಳು ಹಿಡಿದಳು. ತಲೆ ಹೊರಗೆ ತೆಗೆದರೆ ಗಂಡ ಇಲ್ಲ. ಅವನು ನಿಂತಿದ್ದ ಜಾಗದಲ್ಲಿ ಕರಿ ಎತ್ತೊಂದು ನಿಂತಿತ್ತು. ಅದರ ಕೊಂಬಿಗೆ ಚೆಲುವಯ್ಯನ ಹೆಗಲವಸ್ತ್ರ ಸಿಕ್ಕಿಕೊಂಡಿತ್ತು.

ದೇವೀರಿ ಕಿರುಚಿದಳು. ಅತ್ತೆ ಸಾಕವ್ವ ಒಳಗಿನಿಂದ ಓಡಿಬಂದಳು.

"ಏನೇ ಮಾಡಿದೆ ನನ್ನ ಮಗನನ್ನ?"

"ಅಲ್ಲಾಡಬೇಡಿ ಅಂದೆ ಅತ್ತೆಮ್ಮ, ಅಷ್ಟೇ!"

ಮೃಗವಾದವರ ಕಣ್ಣಮುಂದೆ ಅವರ ನಿಜವಾದ ಮುಖದ ಪಟ ಹಿಡಿದರೆ ಮತ್ತೆ ತಮ್ಮ ರೂಪಕ್ಕೆ ಬರುತ್ತಾರೆ ಎಂಬುದು ಆ ರಾಜ್ಯದಲ್ಲಿ ಎಲ್ಲರಿಗೂ ಗೊತ್ತಿದ್ದ ಮಾತು. ಗಾಜಿನ ಹಲಗೆಯಂತೂ ಕೈಯಲ್ಲಿತ್ತು. ಉಪ್ಪಿನ ಬೆಟ್ಟದ ಮೇಲೆ ವರ್ಣಸೇನನ ಯಂತ್ರಶಾಲೆ ಇತ್ತು. ಸೊಸೆ ಹಲಗೆಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. ನೆರಳುಪೆಟ್ಟಿಗೆಯನ್ನು ಎತ್ತಿನ ಬೆನ್ನಿಗೆ ಹೇರೋಣವೆಂದರೆ ಅತ್ತೆ ಒಪ್ಪಲಿಲ್ಲ. "ಹೆತ್ತ ಮಗನ ಮೇಲೆ ಹೇರು ಹಾಕಲೇ?" ಎಂದು ತಾನೇ ತಲೆಯ ಮೇಲೆ ಹೊತ್ತಳು.

ಮೂರು ದಿನ ನಡೆದು ಬೆಟ್ಟ ಹತ್ತಿದರು. ಯಂತ್ರಶಾಲೆಯ ಅಂಗಳದ ತುಂಬ ಕುದುರೆ, ಮೇಕೆ, ಒಂಟೆಗಳು. ಒಂದೂ ಮೇಯುತ್ತಿರಲಿಲ್ಲ. ಎಲ್ಲವೂ ಮನುಷ್ಯರ ಹಾಗೆ ನೋಡುತ್ತಿದ್ದವು.

ಕೇಸರಿ ಪೇಟದ ವರ್ಣಸೇನ ಕೈಮುಗಿದು ಬಂದ. ಅವನನ್ನು ಕಂಡದ್ದೇ ತಡ, ಎತ್ತು ಕೊಂಬು ಬಗ್ಗಿಸಿ ನುಗ್ಗಿತು. ಸಾಕವ್ವ ಅದರ ಮೂತಿಗೆ ಒಂದು ಕೊಟ್ಟಳು. "ದೊಡ್ಡವರನ್ನ ಹಾಯೋಕೆ ಹೋಗ್ತೀಯಾ? ಎತ್ತಾದರೆ ಮರ್ಯಾದೆ ಬೇಡವೇನೋ!"

"ಇರಲಿ ಬಿಡಿ ತಾಯಿ," ಎಂದು ವರ್ಣಸೇನ ನಕ್ಕ. "ನಿಮ್ಮದು ಗಾಜು. ಮೂರು ಸಲ ಒತ್ತಿದರೆ ಒಡೆಯುತ್ತದೆ. ಅಷ್ಟರೊಳಗೆ ನಿಮ್ಮವರು ಬಂದರೆ ಯಂತ್ರವೂ ನಿಮ್ಮದೇ. ಬಾರದಿದ್ದರೆ ಎತ್ತು ನನ್ನದು."

ಬೇರೆ ದಾರಿ ಇರಲಿಲ್ಲ. ದೇವೀರಿ ಒಪ್ಪಿದಳು.

ಮೊದಲನೆಯದು ಚಿನ್ನದ ಯಂತ್ರ. ನವಿಲೊಂದು ಅದನ್ನು ತಿರುಗಿಸುತ್ತಿತ್ತು. ಅದರಲ್ಲಿ ಒತ್ತಿದ ರಾಣಿಯ ಪಟವನ್ನು ವರ್ಣಸೇನ ತೋರಿಸಿದ. ಹುಣ್ಣಿಮೆಯ ಚಂದ್ರನಂತಿದ್ದಳು. "ಇದೇ ಇರಲಿ," ಎಂದಳು ದೇವೀರಿ. ಪಟ ಬಂತು, ಎತ್ತಿನ ಮುಂದೆ ಹಿಡಿದರು. ಎತ್ತು ಮಾಯವಾಗಿ ಗಂಡಸು ನಿಂತ. ಹಾಲಿನ ಬಣ್ಣ, ಮುತ್ತಿನ ಹಲ್ಲು, ಮುಖದ ಮೇಲೆ ಒಂದು ಕಲೆಯಿಲ್ಲ. ಸಾಕವ್ವ ಓಡಿಹೋಗಿ ಅವನ ಕೈ ಹಿಡಿದಳು.

ಅವನು ಕೈ ಕೊಡವಿಕೊಂಡ. "ಯಾರಮ್ಮ ಈ ಮುದುಕಿ?"

ಸಾಕವ್ವನ ಕೈ ಹಾಗೇ ಗಾಳಿಯಲ್ಲಿ ನಿಂತುಬಿಟ್ಟಿತು. ಬಿಸಿಲು ತಾಗಿ ಪಟ ಬಿಳಿಚಿತು. ಪಟದ ಜೊತೆಗೆ ಆ ಗಂಡಸೂ ಬಿಳಿಚಿ ಕರಗಿದ. ಮತ್ತೆ ಎತ್ತು.

ಎರಡನೆಯದು ಬೆಳ್ಳಿಯ ಯಂತ್ರ. ಕೋತಿಯೊಂದು ಅದನ್ನು ತಿರುಗಿಸುತ್ತಿತ್ತು. ಉಸಿರು ಎಳೆದು ಬಿಡುವಷ್ಟರಲ್ಲಿ ಅದು ನೂರು ಪಟ ಉದುರಿಸಿತು. ಅವನ್ನು ಮುಂದೆ ಹಿಡಿದದ್ದೇ ಎತ್ತು ಮಾಯವಾಯಿತು. ಅಂಗಳದಲ್ಲಿ ನೂರು ಜನ ಚೆಲುವಯ್ಯರು!

"ದೇವೀರಿ, ಹಸಿವು ಕಣೇ!" ಎಂದರು ನೂರು ಜನವೂ ಒಟ್ಟಿಗೆ.

ಸಾಕವ್ವ ದೊಪ್ಪನೆ ಕೂತಳು. "ನಾನು ಹೆತ್ತದ್ದು ಒಬ್ಬನನ್ನೇ ಕಣ್ರೋ!"

ದೇವೀರಿ ಹತ್ತಿರ ಹೋಗಿ ನೋಡಿದಳು. ಅವರಲ್ಲಿ ಯಾರಿಗೂ ಕಣ್ಣಿರಲಿಲ್ಲ. ಕಣ್ಣಿರಬೇಕಾದ ಕಡೆ ಮಸಿಯ ಎರಡು ಗುಂಡಿಗಳಿದ್ದವು. ಅವಳು ಹೆದರಿ ಹಿಂದೆ ಸರಿದಳು. ಬಿಸಿಲಿಗೆ ಬೆವರು ಹುಟ್ಟಿತು, ಬೆವರಿಗೆ ಮಸಿ ಇಳಿಯಿತು. ನೂರು ಜನರೂ ಕರಿನೀರಾಗಿ ಹರಿದುಹೋದರು. ಆ ಕೆಸರಿನಲ್ಲಿ ಎತ್ತು ನಿಂತಿತ್ತು.

"ಹೋಗಲಿ ತಾಯಿ, ಇಲ್ಲಿ ನೋಡಿ, ವಜ್ರದ ಯಂತ್ರ!" ಎಂದು ವರ್ಣಸೇನ ಮೂರನೆಯದರ ಪರದೆ ಸರಿಸಿ, ಅದರಲ್ಲಿ ಒತ್ತಿದ ರಾಜಕುಮಾರನ ಪಟ ಹಿಡಿದ.

ದೇವೀರಿ ಈ ಸಲ ಆ ಪಟವನ್ನು ನೋಡಲಿಲ್ಲ. ಯಂತ್ರ ಚೆನ್ನಾಗಿ ಮಾಡುವುದನ್ನಷ್ಟೇ ಮಾರುವವನು ತೋರಿಸುತ್ತಾನೆ, ಅದಕ್ಕೆ ಕಷ್ಟವಾಗುವುದನ್ನು ಕೊಳ್ಳುವವಳೇ ಕೇಳಬೇಕು ಎಂದುಕೊಂಡಳು.

"ಅತ್ತೆಮ್ಮ, ನಿಮ್ಮ ಕರಿಕಂಬಳಿ ಕೊಡಿ."

ಕಂಬಳಿಯನ್ನು ಬಂಡೆಯ ಮೇಲೆ ಹರಡಿ, ಪೆಟ್ಟಿಗೆಯಲ್ಲಿದ್ದ ಬೇರೆ ಎರಡು ಗಾಜುಗಳಲ್ಲಿ ಅದರ ನೆರಳು ಹಿಡಿದಳು.

"ಕಂಬಳಿಯ ಪಟ ಯಾರಿಗೆ ಬೇಕು ತಾಯಿ?" ಎಂದ ವರ್ಣಸೇನ. ಈಗ ಅವನು ನಗುತ್ತಿರಲಿಲ್ಲ.

"ನನಗೆ ಬೇಕು."

ಚಿನ್ನದ ಯಂತ್ರದಲ್ಲಿ ಕಂಬಳಿ ಬೂದಿಯಂತೆ ಬೆಳ್ಳಗೆ ಬಂತು. ಬೆಳ್ಳಿಯದರಲ್ಲಿ ಮಸಿಯ ಮುದ್ದೆಯಾಯಿತು. ವಜ್ರದ ಯಂತ್ರದಲ್ಲಿ ಅದು ಪೀತಾಂಬರವೇ ಆಗಿಬಿಟ್ಟಿತು. ದೇವೀರಿ ಸುತ್ತ ನೋಡಿದಳು. ಅಂಗಳದ ಮೂಲೆಯಲ್ಲಿ ಮುದಿ ಒಂಟೆಯನ್ನು ತುಕ್ಕುಹಿಡಿದ ಒಂದು ಕಬ್ಬಿಣದ ಯಂತ್ರಕ್ಕೆ ಕಟ್ಟಿಹಾಕಿದ್ದರು.

"ಅದು ಗುಜರಿ! ನಾನು ಮಾಡಿದ್ದೂ ಅಲ್ಲ. ಅದನ್ನ ಮುಟ್ಟಬೇಡಿ!" ಎಂದು ವರ್ಣಸೇನ ಅಡ್ಡ ಬಂದ.

"ಮುಟ್ಟಿದರೆ ನಿನ್ನ ಗಂಟೇನು ಹೋಗುತ್ತೆ?" ಎಂದಳು ಸಾಕವ್ವ. ತನ್ನ ತಲೆಗೆ ತಂದಿದ್ದ ಹರಳೆಣ್ಣೆಯನ್ನೆಲ್ಲ ಅದಕ್ಕೆ ಸುರಿದಳು. ಅತ್ತೆ ಸೊಸೆ ಇಬ್ಬರೂ ಹಿಡಿ ಹಿಡಿದು ತಿರುಗಿಸಿದರು. ಬಹಳ ಹೊತ್ತು ತಿರುಗಿಸಿದ ಮೇಲೆ ಒಂದು ಪಟ ಹೊರಬಂತು. ಕಂಬಳಿಯ ಒಂದೊಂದು ಎಳೆಯೂ ಕಾಣುತ್ತಿತ್ತು. ಸಾಕವ್ವ ಹಾಕಿದ್ದ ತೇಪೆಯ ಹೊಲಿಗೆ, ಅದಕ್ಕೆ ಅಂಟಿದ್ದ ಹುಲ್ಲಿನ ಮುಳ್ಳು, ಎಲ್ಲವೂ ಕಂಡವು.

"ಕಪ್ಪಿನೊಳಗಿರುವ ಕಪ್ಪನ್ನ ಕಾಣಿಸೋದು ಇದೊಂದೇ ಅತ್ತೆಮ್ಮ," ಎಂದಳು ದೇವೀರಿ. ಗಂಡನ ಗಾಜನ್ನು ಅದರಲ್ಲಿಟ್ಟು ತಿರುಗಿಸಿದಳು. ಕೊನೆಯ ಸುತ್ತಿಗೆ ಗಾಜು ಛಟ್ಟೆಂದು ಒಡೆಯಿತು. ಕೈಯಲ್ಲಿ ಉಳಿದದ್ದು ಒದ್ದೆ ಪಟವೊಂದೇ.

ಸಾಕವ್ವನಿಗೆ ದೂರದ್ದು ಕಾಣುತ್ತಿರಲಿಲ್ಲ. ಪಟವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು. "ಸಿಡುಬಿನ ಕಲೆ... ಸೊಟ್ಟ ಹಲ್ಲು... ಇವನು ಕಣೇ ನನ್ನ ಮಗ!" ಎಂದವಳು ಮರುಕ್ಷಣವೇ ಚೀರಿದಳು. "ಅಯ್ಯಯ್ಯೋ! ಇವನ ಕಣ್ಣೊಳಗೆ ಯಾರೋ ಇದ್ದಾರೆ!"

ದೇವೀರಿ ಬಗ್ಗಿ ನೋಡಿದಳು. ಚೆಲುವಯ್ಯ ಅಂದು ಕಂಡದ್ದೆಲ್ಲ ಅವನ ಕಣ್ಣಿನ ಕರಿಗುಡ್ಡೆಯಲ್ಲಿ ಮೂಡಿತ್ತು. ಕರಿಬಟ್ಟೆ ಹೊದ್ದು ಪೆಟ್ಟಿಗೆಯ ಹಿಂದೆ ನಿಂತ ದೇವೀರಿ ಅಲ್ಲಿದ್ದಳು. ಅವಳ ಬೆನ್ನ ಹಿಂದೆ ಮಾಯೆಯಿಂದ ಆಳೆತ್ತರ ಬೆಳೆದ ಓತಿಕ್ಯಾತವೊಂದು ನಾಲಿಗೆ ಚಾಚಿ ಮಂತ್ರ ಎಸೆಯುತ್ತಿತ್ತು. ಅದರ ತಲೆಯ ಮೇಲೆ ಕೇಸರಿ ಪೇಟ.

ಇಬ್ಬರೂ ಮೆಲ್ಲಗೆ ತಲೆ ಎತ್ತಿ ವರ್ಣಸೇನನನ್ನು ನೋಡಿದರು.

"ನೀನಾ?" ಎಂದಳು ದೇವೀರಿ.

"ಮತ್ತೇನು ಮಾಡಲಿ?" ಎಂದು ಅವನು ಕಿರುಚಿದ. "ಮನೆಗೊಬ್ಬರು ಮೃಗವಾಗದಿದ್ದರೆ ಈ ಬೆಟ್ಟ ಹತ್ತಿ ನನ್ನ ಯಂತ್ರ ಕೇಳೋರು ಯಾರು?"

ದೇವೀರಿ ಪಟವನ್ನು ಎತ್ತಿನ ಮುಂದೆ ಹಿಡಿದಳು. ಚೆಲುವಯ್ಯ ಮೈಕೊಡವಿ ಎದ್ದು ನಿಂತ. ಪಟ ಹರಿಯಲು ವರ್ಣಸೇನ ಅದರ ಮೇಲೆ ಹಾರಿದ. ಹಾರುವಾಗ ಅದರೊಳಗಿದ್ದ ತನ್ನ ನಿಜರೂಪವನ್ನು ತಾನೇ ಕಂಡುಬಿಟ್ಟ. ಪೇಟ ಬರಿದಾಗಿ ನೆಲಕ್ಕೆ ಬಿತ್ತು. ಅದರಡಿಯಿಂದ ಗೇಣುದ್ದದ ಓತಿಕ್ಯಾತವೊಂದು ಓಡಿ ಉಪ್ಪಿನ ಬಿರುಕಿನಲ್ಲಿ ನುಸುಳಿತು.

ಮಾಯೆ ಮುರಿಯಿತು. ಕುದುರೆಗಳು, ಮೇಕೆಗಳು, ನವಿಲು, ಕೋತಿ, ಮುದಿ ಒಂಟೆ, ಎಲ್ಲರೂ ಮನುಷ್ಯರಾಗಿ ಒಬ್ಬರ ಮುಖ ಒಬ್ಬರು ಮುಟ್ಟಿ ನೋಡಿಕೊಂಡು ಅತ್ತರು. ಅವರೇ ಆ ಕಬ್ಬಿಣದ ಯಂತ್ರವನ್ನು ಹೆಗಲ ಮೇಲೆ ಹೊತ್ತು ದೇವೀರಿಯ ಮನೆಗೆ ತಂದರು.

ಚೆಲುವಯ್ಯ ಪಟವನ್ನು ತಿರುಗಿಸಿ ತಿರುಗಿಸಿ ನೋಡಿದ. "ಅವ್ವ, ನಾನು ಇಷ್ಟೊಂದು ಕರ್ರಗಿದ್ದೀನಾ?"

"ಹೂಂ ಕಣೋ," ಎಂದಳು ಸಾಕವ್ವ. "ಒಂದು ಚೂರು ಬೆಳ್ಳಗಾಗಿದ್ದರೂ ನೀನು ನನಗೆ ಸಿಕ್ಕುತ್ತಿರಲಿಲ್ಲ."

ಆಮೇಲೆ ನೀಲಗಂಟೆಯಲ್ಲಿ ಯಾರೂ ಮೃಗವಾಗಲಿಲ್ಲ. ದೇವೀರಿಯ ಪಟಗಳಿಗೆ ಬಿಸಿಲೂ ಬೆವರೂ ತಾಗಲಿಲ್ಲ. ಆ ರಾಜ್ಯದ ಜನ ತಂತಮ್ಮ ಮುಖದಲ್ಲೇ ನೂರು ಕಾಲ ಸುಖವಾಗಿ ಬಾಳಿದರು.